73 ಎಂಬ ಸಂಖ್ಯೆಗೆ ಮೂರು ವಾರ: ಉಲ್ಲೇಖ ಎಣಿಸುವ ಸ್ಕ್ರಿಪ್ಟ್, ಒಂಬತ್ತನೆಯ ದಾಖಲೆ

ಪ್ರಬಂಧಗಳ ಆಕರಪಟ್ಟಿಗಳನ್ನು ಓದಿ, ಯಾವ ಪ್ರಬಂಧಕ್ಕೆ ಎಷ್ಟು ಉಲ್ಲೇಖಗಳಿವೆ ಎಂದು ಎಣಿಸುವ ಸ್ಕ್ರಿಪ್ಟ್ ಒಂದನ್ನು ಬರೆಯುತ್ತಿದ್ದೇನೆ. ಕಳೆದ ದಾಖಲೆಯ ಕೊನೆಯಲ್ಲಿ, ಇನ್ನುಳಿದಿರುವುದು ಸಣ್ಣಪುಟ್ಟ ಒಪ್ಪಓರಣದ ಕೆಲಸ ಮಾತ್ರ ಎಂದು ಬರೆದಿದ್ದೆ. ಆ ವಾಕ್ಯವನ್ನು ಈಗ ಹಿಂತೆಗೆದುಕೊಳ್ಳುತ್ತಿದ್ದೇನೆ. ಒಪ್ಪಓರಣವೆಂದುಕೊಂಡದ್ದು ಮೂರು ವಾರಗಳನ್ನು ನುಂಗಿತು. ಕೊನೆಗೆ ನನ್ನನ್ನು ಬಿಡಿಸಿದ್ದು ಎರಡಂಕಿಯ ಒಂದು ಸಂಖ್ಯೆ, ಮತ್ತು ಆ ಸಂಖ್ಯೆ ಮೊದಲ ದಿನದಿಂದಲೂ ನನ್ನ ಕಣ್ಣೆದುರಿಗೇ ಇತ್ತು.

ಫೈಲುಗಳನ್ನು ಇಳಿಸಿಕೊಳ್ಳುವುದು, ಡಿಒಐಗಳನ್ನೆಲ್ಲ (ಪ್ರಬಂಧಗಳಿಗೆ ಕೊಡುವ ಡಿಜಿಟಲ್ ಗುರುತುಗಳು) ಸಣ್ಣಕ್ಷರಕ್ಕೆ ತರುವುದು, ಸಂಶೋಧಕರ ಗುರುತಾದ ಆರ್ಕಿಡ್ ಸಂಖ್ಯೆಯ ಕೊನೆಯ ತಾಳೆ ಅಂಕಿಯನ್ನು ಪರೀಕ್ಷಿಸುವುದು ಇವೆಲ್ಲ ನೀವೂ ಮಾಡಿ ದಣಿದಿರುವ ಕೆಲಸಗಳಾದ್ದರಿಂದ ಇಲ್ಲಿ ಬಿಟ್ಟಿದ್ದೇನೆ. ಡಿಒಐಗಳನ್ನು ನೋಂದಾಯಿಸುವ ಕ್ರಾಸ್‌ರೆಫ್ ಸಂಸ್ಥೆಗೆ ಪ್ರಕಾಶಕರು ಒಪ್ಪಿಸಿದ ಆಕರಪಟ್ಟಿಗಳೆಲ್ಲ 2022ರಿಂದ ಮುಕ್ತವಾಗಿರುವುದರಿಂದ, ಯೂಜೀನ್ ಗಾರ್ಫೀಲ್ಡ್ ಅವರು 1955ರಲ್ಲಿ ಕನಸು ಕಂಡು 1964ರಲ್ಲಿ ಸೈನ್ಸ್ ಸೈಟೇಷನ್ ಇಂಡೆಕ್ಸ್ ಎಂಬ ಹೆಸರಿನಲ್ಲಿ ಹೊರತಂದ ಉಲ್ಲೇಖಸೂಚಿಯ ಪುಟ್ಟ ನಕಲೊಂದನ್ನು ಇಂದು ಒಂದು ಹಳೆಯ ಲ್ಯಾಪ್‌ಟಾಪ್ ರಾತ್ರಿಯೆಲ್ಲ ಕುಳಿತು ಮಾಡಿಬಿಡುತ್ತದೆ ಎಂಬುದನ್ನು ಮಾತ್ರ ಕೃತಜ್ಞತೆಯಿಂದ ನೆನೆದು ಮುಂದೆ ಹೋಗುತ್ತೇನೆ.

ಪರೀಕ್ಷೆಗೆ ಆರಿಸಿಕೊಂಡದ್ದು ನಾಲ್ಕು ವಿಷಯಗಳು: ಗಣಿತ, ಕಣಭೌತಶಾಸ್ತ್ರ, ರಸಾಯನಶಾಸ್ತ್ರ, ಇತಿಹಾಸ. ಗಣಿತ ಮರುಮಾತಿಲ್ಲದೆ ದಾಟಿಕೊಂಡಿತು. ಅಲ್ಲಿ ಆಕರಪಟ್ಟಿಗಳು ಚಿಕ್ಕವು, ಲೇಖಕರು ಅಕಾರಾದಿಯಾಗಿ ನಿಲ್ಲುತ್ತಾರೆ, ಯಾರಿಗೂ ಅವಸರವಿಲ್ಲ. ಕಣಭೌತಶಾಸ್ತ್ರದಲ್ಲಿ ಒಂದು ಸಂಜೆ ಹಾಳಾಯಿತು. ಹಿಗ್ಸ್ ಕಣದ ದ್ರವ್ಯರಾಶಿಯ ಬಗ್ಗೆ ಅಟ್ಲಾಸ್ ಮತ್ತು ಸಿಎಂಎಸ್ ತಂಡಗಳು 2015ರಲ್ಲಿ ಒಟ್ಟಾಗಿ ಪ್ರಕಟಿಸಿದ ಪ್ರಬಂಧಕ್ಕೆ 5,154 ಲೇಖಕರು. 33 ಪುಟಗಳಲ್ಲಿ ವಿಜ್ಞಾನಕ್ಕೆ ಸಿಕ್ಕಿರುವುದು 9, ಉಳಿದದ್ದೆಲ್ಲ ಹೆಸರುಗಳು ಮತ್ತು ಸಂಸ್ಥೆಗಳು. ಲೇಖಕರ ಕಾಲಂಗೆ ನಾನು ಉದಾರವಾಗಿ ಇನ್ನೂರು ಹೆಸರುಗಳ ಜಾಗ ಕೊಟ್ಟಿದ್ದೆ. ನಂತರ ನಡೆದದ್ದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿಜವಾದ ಕಂಟಕ ರಸಾಯನಶಾಸ್ತ್ರದಲ್ಲಿ ಕಾದಿತ್ತು. ಪರೀಕ್ಷೆಗೆ ಹಾಕಿದ ಇಬ್ಬರು ಹಿರಿಯ ಸಂಶೋಧಕರಲ್ಲಿ ಒಬ್ಬರ ಎಚ್-ಸೂಚ್ಯಂಕ (ತಲಾ ಕನಿಷ್ಠ ಎಚ್ ಉಲ್ಲೇಖ ಪಡೆದ ಎಚ್ ಪ್ರಬಂಧಗಳಿದ್ದರೆ ಸೂಚ್ಯಂಕ ಎಚ್) ನನ್ನ ಎಣಿಕೆಯಲ್ಲಿ ನಂಬಲಾಗದಷ್ಟು ಏರಿತ್ತು, ಇನ್ನೊಬ್ಬರದು ಕಾರಣವಿಲ್ಲದೆ ಇಳಿದಿತ್ತು. ಏರಿಕೆ ಮಾತ್ರವಾಗಿದ್ದರೆ ಎಲ್ಲೋ ಎರಡು ಸಲ ಎಣಿಸಿದ್ದೇನೆ ಎನ್ನಬಹುದಿತ್ತು. ಇಳಿಕೆ ಮಾತ್ರವಾಗಿದ್ದರೆ ಕೆಲವು ಉಲ್ಲೇಖಗಳು ತಪ್ಪಿಹೋಗಿವೆ ಎನ್ನಬಹುದಿತ್ತು. ಎರಡೂ ಒಟ್ಟಿಗೆ ಕಂಡಾಗ, ಕೋಡಿನಲ್ಲಿ ಎರಡು ಬೇರೆ ಬೇರೆ ದೋಷಗಳಿವೆ ಎಂದು ಭಾವಿಸಿ ಮೊದಲ ವಾರವನ್ನು ಇಲ್ಲದ ಎರಡನೆಯ ದೋಷವನ್ನು ಹುಡುಕುವುದರಲ್ಲಿ ಕಳೆದೆ.

ದೋಷ ಒಂದೇ ಆಗಿತ್ತು. ರಸಾಯನಶಾಸ್ತ್ರದ ಪ್ರಮುಖ ಪತ್ರಿಕೆಗಳಲ್ಲಿ ಒಂದಾದ ಆಂಗೆವಾಂಟೆ ಖೆಮಿಗೆ ಎರಡು ಆವೃತ್ತಿಗಳಿವೆ: ಒಂದು ಮೂಲದ ಜರ್ಮನ್ ಆವೃತ್ತಿ, ಇನ್ನೊಂದು 1962ರಲ್ಲಿ ಆರಂಭವಾದ ಇಂಗ್ಲಿಷಿನ ಅಂತರರಾಷ್ಟ್ರೀಯ ಆವೃತ್ತಿ. ಒಂದೇ ಸಂಶೋಧನೆ ಎರಡರಲ್ಲೂ ಬರುತ್ತದೆ, ಆದರೆ ಸಂಪುಟ ಸಂಖ್ಯೆ ಬೇರೆ, ಪುಟ ಬೇರೆ, ಡಿಒಐ ಬೇರೆ, ಹಳೆಯ ಸಂಪುಟಗಳಲ್ಲಿ ಶೀರ್ಷಿಕೆಯ ಭಾಷೆಯೂ ಬೇರೆ. ಜಾನ್-ಮರೀ ಲೇನ್ ಅವರ ನೊಬೆಲ್ ಉಪನ್ಯಾಸವನ್ನೇ ನೋಡಿ. 1988ರ ಜರ್ಮನ್ ಆವೃತ್ತಿಯಲ್ಲಿ ಅದು 100ನೆಯ ಸಂಪುಟದ 91ನೆಯ ಪುಟದಲ್ಲಿದೆ. ಅದೇ ವರ್ಷದ ಇಂಗ್ಲಿಷ್ ಆವೃತ್ತಿಯಲ್ಲಿ 27ನೆಯ ಸಂಪುಟದ 89ನೆಯ ಪುಟದಲ್ಲಿದೆ. ಮನುಷ್ಯರಿಗೆ ಇದು ಒಂದು ಬರಹ. ನನ್ನ ಸ್ಕ್ರಿಪ್ಟಿಗೆ ಇವು ಪರಿಚಯವೇ ಇಲ್ಲದ ಇಬ್ಬರು ಅಪರಿಚಿತರು. ಇದರಲ್ಲಿ ಪತ್ರಿಕೆಯ ತಪ್ಪೇನೂ ಇಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯ ಸ್ಕ್ರಿಪ್ಟ್ ಬರೆದವನು ನಾನು.

ಒಂದೇ ದೋಷ ಏರಿಕೆಯನ್ನೂ ಇಳಿಕೆಯನ್ನೂ ತಂದದ್ದು ಹೇಗೆ ಎಂಬುದು ಕಾಗದದ ಮೇಲೆ ಐದು ಸಂಖ್ಯೆ ಬರೆದುಕೊಂಡ ಮೇಲೆ ಅರ್ಥವಾಯಿತು. ಒಬ್ಬರ ಐದು ಪ್ರಬಂಧಗಳಿಗೆ ಕ್ರಮವಾಗಿ 9, 7, 6, 5, 4 ಉಲ್ಲೇಖಗಳಿವೆ ಎಂದುಕೊಳ್ಳೋಣ. ಎಚ್-ಸೂಚ್ಯಂಕವನ್ನು ರೂಪಿಸಿದ ಹಿರ್ಶ್ ಅವರ 2005ರ ಸೂತ್ರದಂತೆ ಸೂಚ್ಯಂಕ 4. ಉಲ್ಲೇಖಿಸುವವರೆಲ್ಲ ಶಿಸ್ತಿನಿಂದ ಎರಡೂ ಆವೃತ್ತಿಗಳನ್ನು ನಮೂದಿಸಿದರೆ ಪಟ್ಟಿ 9, 9, 7, 7, 6, 6, 5, 5, 4, 4 ಎಂದಾಗಿ, ಒಂದು ಸಾಲನ್ನೂ ಹೊಸದಾಗಿ ಬರೆಯದ ಆ ಸಂಶೋಧಕರ ಸೂಚ್ಯಂಕ 6ಕ್ಕೆ ಏರುತ್ತದೆ. ಅದರ ಬದಲು ಅರ್ಧ ಜನ ಜರ್ಮನ್ ಆವೃತ್ತಿಯನ್ನು, ಅರ್ಧ ಜನ ಇಂಗ್ಲಿಷ್ ಆವೃತ್ತಿಯನ್ನು ಮಾತ್ರ ನಮೂದಿಸಿದರೆ ಪ್ರತಿಯೊಂದು ಸಂಖ್ಯೆಯೂ ಎರಡು ಹೋಳಾಗಿ 5, 4, 4, 3, 3, 3, 3, 2, 2, 2 ಎಂದಾಗುತ್ತದೆ. ಸೂಚ್ಯಂಕ 3ಕ್ಕೆ ಕುಸಿಯುತ್ತದೆ. ನನ್ನ ಇಬ್ಬರು ರಸಾಯನಶಾಸ್ತ್ರಜ್ಞರನ್ನು ಉಲ್ಲೇಖಿಸುವ ಸಮುದಾಯಗಳ ರೂಢಿ ಬೇರೆ ಬೇರೆಯಾಗಿತ್ತು, ಅಷ್ಟೇ. ಒಂದು ರೋಗ, ಎರಡು ಲಕ್ಷಣ.

ರೋಗ ತಿಳಿದ ಮೇಲೆ ಮದ್ದು ಸುಲಭವೆಂದುಕೊಂಡೆ. ಹೊಸ ಪ್ರಬಂಧಗಳಿಗೆ ಅದು ನಿಜವಾಗಿಯೂ ಸುಲಭ: ಒಂದು ಆವೃತ್ತಿಯ ಡಿಒಐಯಲ್ಲಿ ‘ಎಎನ್‌ಐಇ’ ಎಂದಿದ್ದರೆ ಇನ್ನೊಂದರಲ್ಲಿ ‘ಎಎನ್‌ಜಿಇ’ ಎಂದಿರುತ್ತದೆ, ಹಿಂದಿನ ಸಂಖ್ಯೆ ಒಂದೇ. ಒಂದು ಸಾಲಿನ ಕೋಡಿನಲ್ಲಿ ಅಷ್ಟೂ ಜೋಡಿಗಳು ಕೂಡಿಕೊಂಡವು. ಹಳೆಯವುಗಳಲ್ಲಿ ಆ ಭಾಗ್ಯವಿಲ್ಲ. 1980ರ ದಶಕದ ಪ್ರಬಂಧಗಳಿಗೆ ಆಮೇಲೆ ಕೊಟ್ಟಿರುವ ಡಿಒಐಗಳಲ್ಲಿ ಇಂಗ್ಲಿಷ್ ಆವೃತ್ತಿಯದು ವರ್ಷ ಮತ್ತು ಪುಟವನ್ನು ಹೊತ್ತಿದ್ದರೆ, ಜರ್ಮನ್ ಆವೃತ್ತಿಯದು ವರ್ಷ, ಸಂಪುಟ, ಸಂಚಿಕೆ ಮತ್ತು ಸಂಚಿಕೆಯೊಳಗಿನ ಕ್ರಮವನ್ನು ಹೊತ್ತಿದೆ. ಒಂದರಿಂದ ಇನ್ನೊಂದನ್ನು ಊಹಿಸಲು ದಾರಿಯಿಲ್ಲ.

1990ರ ದಶಕದ ಕೊನೆಯ ವರ್ಷಗಳ ಡಿಒಐಗಳಂತೂ ಪ್ರತ್ಯೇಕ ನರಕ. ಎಸ್‌ಐಸಿಐ ಪದ್ಧತಿಯ ಆ ಗುರುತುಗಳಲ್ಲಿ ಪತ್ರಿಕೆಯ ಗುರುತುಸಂಖ್ಯೆಯಾದ ಐಎಸ್‌ಎಸ್‌ಎನ್, ದಿನಾಂಕ, ಸಂಪುಟ, ಸಂಚಿಕೆ ಇವೆಲ್ಲ ಬಂದು, ನಂತರ ಕೋನಾವರಣಗಳ (< >) ನಡುವೆ ಪುಟಸಂಖ್ಯೆ ಕುಳಿತಿರುತ್ತದೆ. ಕೋನಾವರಣ ಕಂಡರೆ ವೆಬ್ ಪುಟದ ಟ್ಯಾಗ್ ಎಂದು ನುಂಗಿಬಿಡುವ ಸಾಫ್ಟ್‌ವೇರ್ ಲೋಕದಲ್ಲಿ ಎಷ್ಟಿದೆ ಎಂಬುದು ನಿಮಗೆ ಗೊತ್ತು. ನಾನು ಡೇಟಾ ಪಡೆಯುವ ಪೂರೈಕೆದಾರರೊಬ್ಬರು (ಹೆಸರು ಬೇಡ, ಇನ್ನೂ ಅವರ ಹಂಗಿನಲ್ಲಿದ್ದೇನೆ) ಕೋನಾವರಣ ಮತ್ತು ಅದರೊಳಗಿನ ಪುಟಸಂಖ್ಯೆ ಎರಡನ್ನೂ ಸ್ವಚ್ಛಗೊಳಿಸಿ ಕಳುಹಿಸಿದ್ದರು. ಪುಟಸಂಖ್ಯೆ ಹೋದ ಮೇಲೆ ಒಂದು ಸಂಚಿಕೆಯ ಪ್ರಬಂಧಗಳ ಗುರುತುಗಳಲ್ಲಿ ಉಳಿಯುವ ವ್ಯತ್ಯಾಸ ಬಾಲದ ತಾಳೆ ಅಕ್ಷರ ಮಾತ್ರ. ಅದನ್ನೂ ಅವರ ಯಂತ್ರ ಕತ್ತರಿಸಿತ್ತು. ಪರಿಣಾಮವಾಗಿ ಒಂದು ಸಂಚಿಕೆಯ ಲೇಖಕರೆಲ್ಲ ಸೇರಿ ಒಂದೇ ಪ್ರಬಂಧ ಬರೆದಂತಾಗಿತ್ತು. ದೂರು ಬರೆದೆ. ಬೇರೆ ಬ್ರೌಸರಿನಲ್ಲಿ ತೆರೆದು ನೋಡಿ ಎಂಬ ಉತ್ತರ ಬಂತು. ನಾನು ಇಳಿಸಿಕೊಂಡದ್ದು ಸಂಕುಚಿತ ಪಠ್ಯದ ಫೈಲು. ಅದಕ್ಕೂ ಬ್ರೌಸರಿಗೂ ಯಾವ ಬಂಧುತ್ವವಿದೆಯೋ ತಿಳಿಯಲಿಲ್ಲ. ಅದೇ ಸಂಸ್ಥೆ ಪ್ರತಿ ಬಿಡುಗಡೆಯಲ್ಲೂ ಒಂದು ಕಾಲಂನ ಹೆಸರನ್ನು ಬದಲಿಸುವ ವ್ರತವನ್ನೂ ಹಿಡಿದಿದೆ. ಕೊನೆಗೆ ಪ್ರಕಾಶಕರು ಕ್ರಾಸ್‌ರೆಫ್‌ಗೆ ಒಪ್ಪಿಸಿದ ಮೂಲ ಠೇವಣಿಯಿಂದಲೇ ಮತ್ತೆ ಎತ್ತಿಕೊಂಡೆ.

ಶೀರ್ಷಿಕೆಗಳನ್ನು ಹೋಲಿಸುವುದು ನಮ್ಮೆಲ್ಲರ ಮೊದಲ ಅಸ್ತ್ರ. ಲೆವೆನ್‌ಶ್ಟೈನ್ ದೂರ (ಒಂದು ಪಠ್ಯವನ್ನು ಇನ್ನೊಂದಾಗಿಸಲು ಬೇಕಾದ ಅಕ್ಷರ ಬದಲಾವಣೆಗಳ ಎಣಿಕೆ) ಜರ್ಮನ್ ಶೀರ್ಷಿಕೆಗೂ ಅದರ ಇಂಗ್ಲಿಷ್ ಅನುವಾದಕ್ಕೂ ಎಷ್ಟು ಉಪಯುಕ್ತವೋ, ಇಬ್ಬರ ಬೆರಳಚ್ಚು ನೋಡಿ ಅವರ ಧ್ವನಿಯನ್ನು ಗುರುತಿಸುವುದೂ ಅಷ್ಟೇ ಉಪಯುಕ್ತ. ಹಾಗಾಗಿ ಶೀರ್ಷಿಕೆಯನ್ನು ಕೈಬಿಟ್ಟು, ಮೊದಲ ಲೇಖಕ, ವರ್ಷ ಮತ್ತು ಲೇಖಕರ ಒಟ್ಟು ಸಂಖ್ಯೆ ಈ ಮೂರೂ ಹೊಂದಿದರೆ ಒಂದೇ ಎಂದು ಕೂಡಿಸುವ ನಿಯಮ ಹಾಕಿದೆ. ಒಂದೇ ವರ್ಷದಲ್ಲಿ ಅದೇ ಜೊತೆಗಾರರೊಡನೆ ನಾಲ್ಕು ಕಿರುಪ್ರಬಂಧ ಪ್ರಕಟಿಸುವವರು ಇರುತ್ತಾರೆ ಎಂಬುದನ್ನು ಮರೆತಿದ್ದೆ. ಅವಳಿಗಳನ್ನು ಸೇರಿಸಲು ಹೊರಟ ಸ್ಕ್ರಿಪ್ಟ್ ಅಣ್ಣತಮ್ಮಂದಿರನ್ನೆಲ್ಲ ಒಬ್ಬನೇ ಎಂದು ಸಾರಿತು. ಗಣಪತಿಯನ್ನು ಮಾಡಲು ಹೋಗಿ ಅವನಪ್ಪನನ್ನು ಮಾಡಿದ ಕಥೆ.

ಬಿಡುಗಡೆ ಬಂದದ್ದು ಕೂಡಿಸದೆ ಉಳಿದ ಆಕರಗಳನ್ನು ಬೇಸರದಿಂದ ಕಣ್ಣಾಡಿಸುತ್ತಿದ್ದಾಗ. ರಸಾಯನಶಾಸ್ತ್ರಜ್ಞರು ಒಂದೇ ಆಕರಸಂಖ್ಯೆಯ ಅಡಿಯಲ್ಲಿ ಎ, ಬಿ, ಸಿ ಎಂದು ಹಲವನ್ನು ಪೋಣಿಸುತ್ತಾರೆ. ಅವರಲ್ಲಿ ಶಿಸ್ತುಳ್ಳವರು ಜರ್ಮನ್ ಆವೃತ್ತಿಯ ಸಂಪುಟ ಮತ್ತು ಪುಟ ಬರೆದು, ಅರ್ಧವಿರಾಮ ಹಾಕಿ, ಅದರ ಪಕ್ಕದಲ್ಲೇ ಇಂಗ್ಲಿಷ್ ಆವೃತ್ತಿಯದನ್ನೂ ಬರೆಯುತ್ತಾರೆ. ಠೇವಣಿಯಲ್ಲಿ ಇವು ಎರಡು ಸಾಲುಗಳಾಗಿ ಒಡೆದಿದ್ದರೂ ಅಕ್ಕಪಕ್ಕದಲ್ಲೇ ಇರುತ್ತವೆ. ನಾನು ನೋಡುತ್ತಿದ್ದ ಪುಟದಲ್ಲಿ 100ರ ಪಕ್ಕ 27 ಇತ್ತು, ಕೆಳಗೆ 110ರ ಪಕ್ಕ 37, ಇನ್ನೂ ಕೆಳಗೆ 97ರ ಪಕ್ಕ 24. ಬೆರಳಿನಲ್ಲೇ ಕಳೆದು ನೋಡಿದೆ. ಮೂರರಲ್ಲೂ 73.

ಕಾರಣ ಸರಳ. 1962ರಲ್ಲಿ ಇಂಗ್ಲಿಷ್ ಆವೃತ್ತಿ 1ನೆಯ ಸಂಪುಟದಿಂದ ಎಣಿಕೆ ಆರಂಭಿಸಿದಾಗ ಜರ್ಮನ್ ಆವೃತ್ತಿ 74ನೆಯ ಸಂಪುಟದಲ್ಲಿತ್ತು, ಅಂದಿನಿಂದ ಎರಡೂ ವರ್ಷಕ್ಕೊಂದು ಹೆಜ್ಜೆಯಂತೆ ಸಮನಾಗಿ ನಡೆದಿವೆ. ಇದನ್ನು ಮೊದಲ ದಿನವೇ ಕಾಣದಿದ್ದುದಕ್ಕೆ ನನ್ನಲ್ಲಿ ಸಮರ್ಥನೆಯಿಲ್ಲ.

ಹೀಗೆ, ಎಣಿಕೆಯನ್ನು ಇಮ್ಮಡಿ ಮಾಡಿ ನನ್ನನ್ನು ಕಾಡಿದ ಅದೇ ಜೋಡಿ ಉಲ್ಲೇಖಗಳು ಅವಳಿಗಳ ನಿಘಂಟನ್ನೂ ಕೊಟ್ಟವು. ಅಕ್ಕಪಕ್ಕದಲ್ಲಿರುವ, ವರ್ಷ ಒಂದೇ ಆಗಿರುವ, ಸಂಪುಟಗಳ ವ್ಯತ್ಯಾಸ 73 ಇರುವ ಎರಡು ಆಕರಗಳನ್ನು ಮೂರು ಬೇರೆ ಬೇರೆ ಪ್ರಬಂಧಗಳಾದರೂ ಒಟ್ಟಿಗೆ ನಮೂದಿಸಿದ್ದರೆ ಅವು ಒಂದೇ ಬರಹ ಎಂದು ದಾಖಲಿಸುವ ನಿಯಮ ಬರೆದೆ. ಒಂದೊಂದೇ ಆವೃತ್ತಿಯನ್ನು ನಮೂದಿಸಿದ ಸೋಮಾರಿಗಳ ಉಲ್ಲೇಖಗಳೂ ಈ ನಿಘಂಟಿನ ಮೂಲಕ ತಮ್ಮ ಜಾಗಕ್ಕೆ ಬಂದು ಸೇರಿದವು. ಏರಿದ್ದ ಸೂಚ್ಯಂಕ ಇಳಿಯಿತು, ಇಳಿದಿದ್ದದ್ದು ಏರಿತು, ಮತ್ತು ಅವತ್ತು ರಾತ್ರಿ ನಾನು ಲ್ಯಾಪ್‌ಟಾಪಿಗೆ ನಮಸ್ಕಾರ ಹಾಕಿದೆ.

ಮೂವರ ಸಾಕ್ಷಿ ಸಾಕೇ ಎಂಬ ಅನುಮಾನ ಮಾತ್ರ ಉಳಿದಿದೆ. ಸಾಕ್ಷಿಗಳು ಪರಸ್ಪರ ಸ್ವತಂತ್ರರಾಗಿದ್ದರೆ ಮೂವರು ಸಾಕು. ಆದರೆ ಆಕರಪಟ್ಟಿಗಳನ್ನು ಜನ ಒಬ್ಬರಿಂದೊಬ್ಬರು ನಕಲು ಮಾಡುತ್ತಾರೆ. ಸಿಮ್ಕಿನ್ ಮತ್ತು ರಾಯ್‌ಚೌಧುರಿ ಅವರು 2003ರಲ್ಲಿ, ಒಂದೇ ಮುದ್ರಣದೋಷ ಎಷ್ಟು ಪಟ್ಟಿಗಳಿಗೆ ಹರಡಿದೆ ಎಂಬುದರ ಲೆಕ್ಕದ ಮೇಲೆ, ಉಲ್ಲೇಖಿಸುವವರಲ್ಲಿ ಮೂಲವನ್ನು ಓದಿದವರು ಸುಮಾರು 20 ಪ್ರತಿಶತ ಮಾತ್ರ ಎಂದು ಅಂದಾಜು ಮಾಡಿದ್ದರು. ನನ್ನ ನಿಘಂಟಿನಲ್ಲಿಯೂ ಪುಟಸಂಖ್ಯೆಯ ಎರಡು ಅಂಕಿ ಅದಲುಬದಲಾದ ಜೋಡಿಯೊಂದಕ್ಕೆ ಹನ್ನೊಂದು ಸಾಕ್ಷಿಗಳಿದ್ದರು, ಹನ್ನೊಂದೂ ಸುಳ್ಳುಸಾಕ್ಷಿಗಳು. ಇವರಿಗಿಂತ ದೊಡ್ಡ ಸೋಜಿಗವೂ ಇದೆ. ಪ್ರಕಾಶಕರೊಬ್ಬರ ಮಾದರಿ ಪುಟದಲ್ಲಿ, ಆಕರವನ್ನು ಹೇಗೆ ಬರೆಯಬೇಕೆಂದು ತೋರಿಸಲು ಕಲ್ಪಿಸಿಕೊಂಡ, ವಾನ್ ಡೆರ್ ಖೇರ್ ಮತ್ತಿಬ್ಬರ ಹೆಸರಿನ 2000ದ ಪ್ರಬಂಧವೊಂದಿದೆ. ಅಸ್ತಿತ್ವದಲ್ಲೇ ಇಲ್ಲದ ಆ ಪ್ರಬಂಧಕ್ಕೆ ನೂರಾರು ಉಲ್ಲೇಖಗಳಿರುವುದನ್ನು ಆನ್-ವಿಲ್ ಹಾರ್ಜಿಂಗ್ ಅವರು 2017ರಲ್ಲಿ ವಿವರಿಸಿದ್ದರು. ಮಾದರಿಯನ್ನು ಅಳಿಸಲು ಮರೆತವರ ಕೊಡುಗೆ ಅದು. ಸುಳ್ಳುಸಾಕ್ಷಿಗಳನ್ನು ಹಿಡಿಯಲು ಈಗ ಜೋಡಿಯ ಎರಡೂ ಆಕರಗಳ ಪುಟಸಂಖ್ಯೆ ನಿಜವಾದ ಡಿಒಐ ದಾಖಲೆಯಲ್ಲಿ ಇದೆಯೇ ಎಂದು ತಾಳೆ ನೋಡುತ್ತಿದ್ದೇನೆ; ಹನ್ನೊಂದು ಮಂದಿಯೂ ಅಲ್ಲಿ ಸಿಕ್ಕಿಬಿದ್ದರು.

ಗೆದ್ದ ಹುಮ್ಮಸ್ಸಿನಲ್ಲಿ ಅದೇ ಬಗೆಯ ನಿಯಮವನ್ನು ಸೋವಿಯತ್ ಭೌತಶಾಸ್ತ್ರಕ್ಕೂ ಹಚ್ಚಿದೆ. ಅಲ್ಲಿನ ಪ್ರಾಯೋಗಿಕ ಮತ್ತು ಸೈದ್ಧಾಂತಿಕ ಭೌತಶಾಸ್ತ್ರದ ಪತ್ರಿಕೆಗೆ 1955ರಿಂದ ಇಂಗ್ಲಿಷ್ ಅನುವಾದವಿದ್ದು, ಭೌತಶಾಸ್ತ್ರಜ್ಞರು ಅನುವಾದದ ವಿವರವನ್ನು ಚೌಕಾವರಣದಲ್ಲಿ ಕೊಡುವ ರೂಢಿ ಇದೆ. ಬೆರೆಜಿನ್‌ಸ್ಕಿ ಅವರ ಎರಡು ಪ್ರಸಿದ್ಧ ಪ್ರಬಂಧಗಳಲ್ಲಿ ಮೊದಲನೆಯದು ರಷ್ಯನ್‌ನಲ್ಲಿ ಸಂಪುಟ 59, ಇಂಗ್ಲಿಷಿನಲ್ಲಿ 32; ಎರಡನೆಯದು 61 ಮತ್ತು 34. ವ್ಯತ್ಯಾಸ ಎರಡರಲ್ಲೂ 27. ಆದರೂ ಸ್ಕ್ರಿಪ್ಟ್ ಎರಡನ್ನೂ ತಿರಸ್ಕರಿಸಿತು, ಏಕೆಂದರೆ ಮೂಲ 1970 ಮತ್ತು 1971ರದು, ಅನುವಾದ 1971 ಮತ್ತು 1972ರದು. ವರ್ಷ ಒಂದೇ ಆಗಿರಬೇಕೆಂಬ ನನ್ನ ಷರತ್ತು ಅನುವಾದಕರಿಗೆ ಬೇಕಾಗುವ ತಿಂಗಳುಗಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಒಂದು ವರ್ಷದ ರಿಯಾಯಿತಿ ಕೊಟ್ಟ ಮೇಲೆ ಸರಿಯಾಯಿತು.

ಇತಿಹಾಸವನ್ನು ಇನ್ನೂ ಮುಟ್ಟಿಲ್ಲ, ಮತ್ತು ನಿಜ ಹೇಳಬೇಕೆಂದರೆ ಈಗ ನನ್ನ ಮನಸ್ಸೆಲ್ಲ ಅಲ್ಲೇ ಇದೆ. ಇತಿಹಾಸಕಾರರು ಉಲ್ಲೇಖಿಸುವುದು ಹೆಚ್ಚಾಗಿ ಪುಸ್ತಕಗಳನ್ನು ಮತ್ತು ದಫ್ತರಗಳನ್ನು, ಅದೂ ಅಡಿಟಿಪ್ಪಣಿಗಳಲ್ಲಿ, ಮತ್ತು ಎರಡನೆಯ ಸಲ ಹೆಸರು ಹೇಳುವ ಬದಲು ‘ಅದೇ’ ಎಂದು ಬರೆದು ಸುಮ್ಮನಾಗುತ್ತಾರೆ. ಈ ‘ಅದೇ’ ಯಾವುದು ಎಂದು ಹಿಂದಕ್ಕೆ ನಡೆದು ಪತ್ತೆ ಮಾಡುವ ಪುಟ್ಟ ಉಪಕರಣವೇ ಮುಂದಿನ ಯೋಜನೆ: ‘ಅದೇ’ ಕಂಡರೆ ಹಿಂದಿನ ಟಿಪ್ಪಣಿಗೆ ಹೋಗು, ಅಲ್ಲಿಯೂ ‘ಅದೇ’ ಇದ್ದರೆ ಅದರ ಹಿಂದಿನದಕ್ಕೆ ಹೋಗು. ಹತ್ತು ಸಾಲಿನ ಕೋಡು, ಒಂದು ಸಂಜೆಯ ಕೆಲಸ ಎಂದು ನಿನ್ನೆ ಕುಳಿತೆ. ಪರೀಕ್ಷೆಗೆಂದು ತೆರೆದ ಮೊದಲ ಸ್ಕ್ಯಾನ್ ಪ್ರತಿಯಲ್ಲಿ ಒಂದು ಹಾಳೆ ಇರಲಿಲ್ಲ. ಅದರ ನಂತರದ ಪುಟದ ಮೊದಲ ಟಿಪ್ಪಣಿ, ‘ಅದೇ, ಪುಟ 214’.