ಡೊಂಬಿವಲಿಯ ಇಬ್ಬರು ಹೊಸ ಆಟಗಾರರು: ಎಂಟು ವಾರಗಳ ದಿನಚರಿ

ವಾರ 1

ಹೋದ ವರ್ಷ ನಮ್ಮ ಆಫೀಸಿನ ಒಬ್ಬ ಹುಡುಗನಿಗೆ ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಅನ್ನುವ ಆನ್‌ಲೈನ್ ಆಟ ಕಲಿಸಲು ಹೋಗಿ ಅವನ ಆಟ ಕೆಡಿಸಿದೆ. ಅವನು ಶುರು ಮಾಡಿ ಒಂದು ವಾರವೂ ಆಗಿರಲಿಲ್ಲ. ಐದು ಲಕ್ಷ ನಾಣ್ಯ ಕೊಟ್ಟೆ. ಒಳ್ಳೆಯ ಕತ್ತಿ ಕೊಟ್ಟೆ. ಎಲ್ಲಿ ನಿಂತರೆ ಬೇಗ ಲೆವೆಲ್ ಏರುತ್ತದೆ ಅಂತ ಪಟ್ಟಿ ಬರೆದುಕೊಟ್ಟೆ. ಅದಾಗಿ ಹತ್ತು ದಿನಕ್ಕೆ ಆಟ ಬಿಟ್ಟ. "ಮಾಡೋಕೆ ಏನೂ ಉಳಿದಿಲ್ಲ ಅನಿಸ್ತು" ಅಂದ. ಆ ಮಾತು ಇನ್ನೂ ಮನಸ್ಸಿನಲ್ಲಿದೆ. ಪ್ರೀತಿಯಿಂದಲೇ ಕೊಟ್ಟಿದ್ದೆ, ಆದರೆ ಅವನು ತಾನೇ ಗಳಿಸಬೇಕಾಗಿದ್ದನ್ನೆಲ್ಲ ನಾನು ಕಿತ್ತುಕೊಂಡಿದ್ದೆ.

ಈಗ ಇಬ್ಬರು ಕಲಿಯಲು ಬಂದಿದ್ದಾರೆ. ಒಬ್ಬಳು ಅಕ್ಕನ ಮಗಳು. ಹತ್ತನೇ ತರಗತಿ ಪರೀಕ್ಷೆ ಮುಗಿದು ರಜೆಯಲ್ಲಿದ್ದಾಳೆ. ಇನ್ನೊಬ್ಬರು ಎದುರು ಮನೆಯ ಮಾಸ್ತರು. ಮುಂಬೈಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತರಾದವರು, ಮೂಲ ಧಾರವಾಡದ ಕಡೆಯವರು. ಹುಡುಗಿ ಆಡುವುದನ್ನು ನೋಡಿ, "ತಮ್ಮಾ, ನನಗೂ ಒಂದು ಹಾಕಿಕೊಡು" ಅಂದರು. ಇಬ್ಬರ ಫೋನಿನಲ್ಲೂ ಹಾಕಿಕೊಟ್ಟೆ. ಆಟ ಉಚಿತ. ಫೋನಿನಲ್ಲಿ ಆಡಿದ ಅದೇ ಖಾತೆ ಕಂಪ್ಯೂಟರಿನಲ್ಲೂ ನಡೆಯುತ್ತದೆ.

ಈ ಸಲ ನನಗೆ ನಾನೇ ಎರಡು ಕಟ್ಟು ಹಾಕಿಕೊಂಡಿದ್ದೇನೆ. ಒಂದು ನಾಣ್ಯವನ್ನೂ ಕೊಡುವುದಿಲ್ಲ. ಕೇಳದೆ ಏನನ್ನೂ ಹೇಳುವುದಿಲ್ಲ. ಏನಾಗುತ್ತದೆ ಅಂತ ಇಲ್ಲಿ ಬರೆದಿಡುತ್ತೇನೆ.

ಆಟ ಕಲಿಸುವ ಮೊದಲ ಜಾಗವಾದ ಟ್ಯುಟೋರಿಯಲ್ ದ್ವೀಪವನ್ನು ಹುಡುಗಿ ಅರ್ಧ ಗಂಟೆಯೊಳಗೆ ಮುಗಿಸಿದಳು. ಮಾಸ್ತರಿಗೆ ಎರಡು ಸಂಜೆ ಬೇಕಾಯಿತು. ಅಲ್ಲಿ ಪ್ರತಿಯೊಬ್ಬರು ಹೇಳುವ ಪ್ರತಿ ಸಾಲನ್ನೂ ಓದಿದರು. ನೋಟ್‌ಬುಕ್ಕಿನಲ್ಲಿ ಪದಗಳನ್ನು ಬರೆದುಕೊಂಡರು: ಓರ್ ಅಂದರೆ ಅದಿರು, ಸ್ಮೆಲ್ಟ್ ಅಂದರೆ ಕರಗಿಸುವುದು, ರೇಂಜ್ ಅಂದರೆ ಒಲೆ. ಯಾಕಿಷ್ಟು ನಿಧಾನ ಅಂತ ನಾನು ಒಳಗೊಳಗೆ ಚಡಪಡಿಸಿದೆ. ಆ ಅವಸರ ತಪ್ಪು ಅಂತ ಎರಡೇ ದಿನದಲ್ಲಿ ಗೊತ್ತಾಯಿತು.

ಮೊದಲ ಭಾನುವಾರ

ದ್ವೀಪ ಮುಗಿದ ಮೇಲೆ ಲಂಬ್ರಿಜ್ ಊರಿಗೆ ಬಂದು ಬೀಳುತ್ತೇವೆ. ಕೋಟೆಯ ಅಡುಗೆಮನೆಯಲ್ಲಿ ಒಬ್ಬ ಬಾಣಸಿಗ ತಲೆ ಮೇಲೆ ಕೈ ಹೊತ್ತು ನಿಂತಿರುತ್ತಾನೆ. ಅವನಿಗೆ ಕೇಕ್ ಮಾಡಲು ಒಂದು ಮೊಟ್ಟೆ, ಒಂದು ಬಕೆಟ್ ಹಾಲು, ಒಂದು ಮಡಕೆ ಹಿಟ್ಟು ಬೇಕು. ಆಟ ಕೊಡುವ ಇಂಥ ಕೆಲಸಕ್ಕೆ ಕ್ವೆಸ್ಟ್ ಅನ್ನುತ್ತಾರೆ. ಬಹಳ ಜನರ ಮೊದಲ ಕ್ವೆಸ್ಟ್ ಇದೇ.

ಹುಡುಗಿ ಮಾತುಕತೆಯನ್ನೆಲ್ಲ ಟಪಟಪ ಒತ್ತಿ ದಾಟಿಸಿದಳು. ಆಮೇಲೆ ಹಿಟ್ಟು ಎಲ್ಲಿ ಸಿಗುತ್ತದೆ ಅಂತ ಇಪ್ಪತ್ತು ನಿಮಿಷ ಅಲೆದಳು. "ಮಾಮಾ, ಹೇಳು" ಅಂದಳು. ನಾನು ಬಾಯಿ ತೆರೆಯುವ ಮೊದಲೇ ಮಾಸ್ತರು, "ಅವನೇ ಹೇಳಿದನಲ್ಲ ಮಗಾ, ಗಿರಣಿ ಐತಿ ಅಂತ" ಅಂದರು. ಗೋಧಿ ಕಿತ್ತು, ಗಿರಣಿಯ ಮೇಲಿನ ಮಹಡಿಗೆ ಹೋಗಿ ಹಾಪರ್‌ಗೆ ಸುರಿದು, ಸನ್ನೆ ಎಳೆದು, ಕೆಳಗೆ ಬಂದು ಮಡಕೆಯಲ್ಲಿ ಹಿಟ್ಟು ತುಂಬಬೇಕು. ಹಾಪರ್ ಅಂದರೇನು ಅಂತ ಅವಳಿಗೆ ಗೊತ್ತಿರಲಿಲ್ಲ. "ನಮ್ಮ ಗಲ್ಲಿಯ ಚಕ್ಕಿಯಲ್ಲಿ ಮೇಲೆ ಗೋಧಿ ಹಾಕ್ತಾರಲ್ಲ, ಆ ಡಬ್ಬಿ" ಅಂದರು ಮಾಸ್ತರು. ಅಷ್ಟೇ ಸಾಕಾಯಿತು.

ಕ್ವೆಸ್ಟ್ ಮುಗಿದಾಗ 300 ಎಕ್ಸ್‌ಪಿ, ಅಂದರೆ ಅನುಭವದ ಅಂಕ, ಬಂತು, ಅಡುಗೆ ಒಂದರಿಂದ ನಾಲ್ಕನೇ ಲೆವೆಲ್‌ಗೆ ಏರಿತು. ಕೋಟೆಯ ಒಲೆ ಬಳಸುವ ಹಕ್ಕೂ ಸಿಕ್ಕಿತು. ಆ ಒಲೆಯಲ್ಲಿ ಬೇಯಿಸಿದರೆ ಅಡುಗೆ ಸೀಯುವುದು ಕಡಿಮೆ.

ಹೊಸಬರಿಗೆ ನಾನು ಹೇಳುವುದರಲ್ಲಿ ಇದನ್ನೇ ಮೊದಲು ಹೇಳುತ್ತೇನೆ: ಮಾತುಕತೆ ಓದಿ. ಈ ಆಟದಲ್ಲಿ ಎಷ್ಟೋ ಉತ್ತರಗಳು ಆ ಸಾಲುಗಳಲ್ಲೇ ಇರುತ್ತವೆ. ಅರ್ಥವಾಗದಿದ್ದರೆ ಕ್ವೆಸ್ಟ್ ಪಟ್ಟಿ ತೆರೆಯಿರಿ. ಶುರು ಮಾಡದ್ದು ಕೆಂಪು, ನಡೆಯುತ್ತಿರುವುದು ಹಳದಿ, ಮುಗಿದದ್ದು ಹಸಿರು. ಹೆಸರಿನ ಮೇಲೆ ಒತ್ತಿದರೆ ಎಲ್ಲಿಯವರೆಗೆ ಬಂದಿದ್ದೀರಿ ಅಂತ ತೋರಿಸುತ್ತದೆ. ಅದಾದ ಮೇಲೂ ತಿಳಿಯದಿದ್ದರೆ ಆಟದ ಮಾಹಿತಿಯ ಜಾಲತಾಣ ವಿಕಿ ಇದೆ, ಬಹಳ ಚೆನ್ನಾಗಿದೆ. ಆದರೆ ಮೊದಲೇ ವಿಕಿ ತೆರೆದರೆ ಕ್ವೆಸ್ಟ್ ಬರೀ ಸಾಮಾನಿನ ಚೀಟಿ ಆಗಿಬಿಡುತ್ತದೆ.

ವಾರ 2

ಹುಡುಗಿ ಕೋಳಿಗಳಿಂದ ದನಗಳಿಗೆ ಬಡ್ತಿ ಪಡೆದಳು. ಎರಡು ದಿನ ಒಂದೇ ಸಮನೆ ಹೊಡೆದಳು. ಆಮೇಲೆ, "ಅಟ್ಯಾಕ್ 15 ಆಯ್ತು ಮಾಮಾ, ಆದ್ರೂ ಏಟು ಜೋರಾಗಿ ಬೀಳ್ತಿಲ್ಲ" ಅಂದಳು. ನೋಡಿದರೆ ಸ್ಟ್ರೆಂತ್ ಇನ್ನೂ 1!

ಇದು ಬಹಳ ಹೊಸಬರಿಗೆ ಆಗುತ್ತದೆ. ಹೊಡೆಯುವ ರೀತಿಯನ್ನು ನಾವೇ ಆರಿಸಬೇಕು. ಮೊದಲು ಇರುವುದು ಆಕ್ಯುರೇಟ್, ಅದರಿಂದ ಅಟ್ಯಾಕ್ ಏರುತ್ತದೆ. ಅಗ್ರೆಸಿವ್ ಆರಿಸಿದರೆ ಸ್ಟ್ರೆಂತ್, ಡಿಫೆನ್ಸಿವ್ ಆದರೆ ಡಿಫೆನ್ಸ್. ಅಟ್ಯಾಕ್ ಏರಿದರೆ ಗುರಿ ತಪ್ಪುವುದು ಕಡಿಮೆಯಾಗುತ್ತದೆ, ಏಟಿನ ತೂಕ ಸ್ಟ್ರೆಂತ್‌ನಿಂದ. ಮಾಡಿದ ಪ್ರತಿ ಒಂದು ಹಾನಿಗೆ ಆರಿಸಿದ ಕೌಶಲಕ್ಕೆ 4 ಎಕ್ಸ್‌ಪಿ ಸಿಗುತ್ತದೆ. ಹಾಗಾಗಿ ಏಟು ಜೋರಾದಷ್ಟೂ ಕಲಿಕೆಯೂ ಬೇಗ.

ಅವಳು ಕತ್ತಿಯಲ್ಲೂ ಎಡವಿದಳು. ಎರಡು ಕೈಯಲ್ಲಿ ಹಿಡಿಯುವ ದೊಡ್ಡ ಕತ್ತಿ ಕೊಂಡಳು, ಅಂಕಿ ದೊಡ್ಡದಿತ್ತು ಅಂತ. ಈ ಆಟದ ಗಡಿಯಾರ 0.6 ಸೆಕೆಂಡಿಗೆ ಒಮ್ಮೆ ಬಡಿಯುತ್ತದೆ. ಇದಕ್ಕೆ ಟಿಕ್ ಅನ್ನುತ್ತಾರೆ. ಆ ದೊಡ್ಡ ಕತ್ತಿ ಬೀಸಲು 7 ಟಿಕ್, ಅಂದರೆ 4.2 ಸೆಕೆಂಡ್ ಬೇಕು. ಸಿಮಿಟರ್ ಅನ್ನುವ ಬಾಗಿದ ಕತ್ತಿಗೆ 4 ಟಿಕ್, ಅಂದರೆ 2.4 ಸೆಕೆಂಡ್ ಸಾಕು. ಹೊಸಬರಿಗೆ ಸಿಮಿಟರ್ ಒಳ್ಳೆಯದು. ಅಲ್ ಖರಿದ್ ಊರಿನಲ್ಲಿ ಅದನ್ನೇ ಮಾರುವ ಅಂಗಡಿ ಇದೆ. ದನದ ಚರ್ಮ ಮಾರಿದ ದುಡ್ಡಿನಲ್ಲಿ ಅವಳೇ ಹೋಗಿ ಕೊಂಡು ತಂದಳು. ಆಟದೊಳಗಿನ ನನ್ನ ಬ್ಯಾಂಕಿನಲ್ಲಿ ಅಂಥ ಸಿಮಿಟರ್ ಎಷ್ಟೋ ಬಿದ್ದಿವೆ. ಸುಮ್ನೆ ಕೂತಿರುವುದು ಎಷ್ಟು ಕಷ್ಟವಾಯಿತು ಗೊತ್ತಾ! ಆದರೆ ಕತ್ತಿ ಕೈಗೆ ಬಂದಾಗ ಅವಳು ಅಡುಗೆಮನೆಗೆ ಓಡಿಹೋಗಿ ಅಕ್ಕನಿಗೆ ತೋರಿಸಿದಳು. ನಾನು ಕತ್ತಿ ಕೊಟ್ಟಾಗ ಆಫೀಸಿನ ಹುಡುಗ ಯಾರಿಗೂ ತೋರಿಸಿರಲಿಲ್ಲ.

ಮಾಸ್ತರು? ಸಿಗಡಿ ಹಿಡಿಯುತ್ತಿದ್ದಾರೆ. ಒಂದು ಸಿಗಡಿಗೆ 10 ಎಕ್ಸ್‌ಪಿ. "ತಮ್ಮಾ, ಇದು ಬಹಳ ಚಲೋ ಐತಿ" ಅಂತ ರಾತ್ರಿ ಒಂಬತ್ತರವರೆಗೆ ಬಾಲ್ಕನಿಯಲ್ಲಿ ಕೂತಿರುತ್ತಾರೆ.

ವಾರ 3

ಹುಡುಗಿ ಮೊದಲ ಸಲ ಸತ್ತಳು. ವ್ಯಾರಾಕ್ ನಗರಕ್ಕೆ ದಕ್ಷಿಣದಿಂದ ಹೋಗುವ ದಾರಿಯ ಪಕ್ಕದಲ್ಲಿ ಒಂದು ಕಲ್ಲಿನ ವೃತ್ತವಿದೆ. ಅಲ್ಲಿ ಕಪ್ಪು ಮಾಂತ್ರಿಕರು ನಿಂತಿರುತ್ತಾರೆ. ಅವರಲ್ಲಿ ಕೆಲವರ ಲೆವೆಲ್ 7, ಕೆಲವರದು 20. ನಾವು ಮುಟ್ಟದಿದ್ದರೂ ಅವರೇ ಮೇಲೆ ಬೀಳುತ್ತಾರೆ. ನಮ್ಮ ಕಾಂಬ್ಯಾಟ್ ಲೆವೆಲ್, ಅಂದರೆ ಕಾದಾಟದ ಒಟ್ಟು ಲೆವೆಲ್, ಅವರ ಲೆವೆಲ್‌ನ ಎರಡರಷ್ಟನ್ನು ದಾಟಿದ ಮೇಲೆ ಸುಮ್ಮನಾಗುತ್ತಾರೆ. ಅಲ್ಲಿಯವರೆಗೆ ಪಶ್ಚಿಮದ ಬಾರ್ಬೇರಿಯನ್ ವಿಲೇಜ್ ಕಡೆಯಿಂದ ಸುತ್ತಿ ಹೋಗುವುದೇ ಸರಿ.

ಅವಳ ಕಣ್ಣಲ್ಲಿ ನೀರು ಬಂತು. ಎಲ್ಲ ಹೋಯಿತು ಅಂದುಕೊಂಡಳು. ಸತ್ತಾಗ ಸಾಮಾನ್ಯವಾಗಿ ನಮ್ಮಲ್ಲಿರುವ ಮೂರು ದುಬಾರಿ ವಸ್ತುಗಳು ಉಳಿಯುತ್ತವೆ, ಉಳಿದದ್ದು ಸತ್ತ ಜಾಗದ ಸಮಾಧಿಯಲ್ಲಿ 15 ನಿಮಿಷ ಇರುತ್ತದೆ ಅಂತ ಹೇಳಿದೆ. ಇಲ್ಲಿ ನನ್ನ ಎರಡನೇ ಕಟ್ಟು ಮುರಿದೆ, ಅವಳು ಕೇಳಿರಲಿಲ್ಲ. ಆದರೆ ಆ ಹೊತ್ತಿನಲ್ಲಿ ಸುಮ್ಮನಿರುವುದು ಸರಿಯಲ್ಲ ಅನಿಸಿತು. ಓಡಿಹೋಗಿ ಎತ್ತಿಕೊಂಡು ಬಂದಳು.

ಆದರೆ ವೈಲ್ಡರ್ನೆಸ್‌ನ ಲೆಕ್ಕ ಬೇರೆ. ವ್ಯಾರಾಕ್ ಮತ್ತು ಎಡ್ಜ್‌ವಿಲ್‌ನ ಉತ್ತರಕ್ಕೆ ಒಂದು ಹಳ್ಳ ಸಿಗುತ್ತದೆ. ಅದನ್ನು ಹಾರಿದರೆ ಬೇರೆ ಆಟಗಾರರು ನಮ್ಮನ್ನು ಕೊಲ್ಲಬಹುದು. ಯಾರಾದರೂ "ಬಾ, ಅಲ್ಲಿ ಒಳ್ಳೆಯ ಸಾಮಾನು ಬಿದ್ದಿದೆ" ಅಂತ ಉತ್ತರಕ್ಕೆ ಕರೆದರೆ ಹೋಗಬೇಡಿ.

ವಾರ 4

ಮಳೆ ಹಿಡಿದಿದೆ. ಲೋಕಲ್ ಗಾಡಿಗಳು ತಡ. ನಾನು ಡೊಂಬಿವಲಿಯಿಂದ ಮುಂಬೈಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಹೋಗುವಾಗ ಗಾಡಿಯಲ್ಲಿ ಆಡುತ್ತೇನೆ. ಹಾಗೆ ಆಡುವವರಿಗೆ ಒಂದು ಮಾತು: ಗಾಡಿಯಲ್ಲಿ ಮೀನು ಹಿಡಿಯಿರಿ, ಮರ ಕಡಿಯಿರಿ. ಕಾದಾಟ ಮನೆಗೆ ಇಟ್ಟುಕೊಳ್ಳಿ. ನಡುವೆ ನೆಟ್‌ವರ್ಕ್ ಹೋದರೆ ನಮ್ಮ ಪಾತ್ರ ತಕ್ಷಣ ಹೊರಗೆ ಬರುವುದಿಲ್ಲ. ಸ್ವಲ್ಪ ಹೊತ್ತು ಅಲ್ಲೇ ನಿಂತು ಏಟು ತಿನ್ನುತ್ತದೆ.

ಇಬ್ಬರೂ ಈ ವಾರ ದೆವ್ವದ ಕ್ವೆಸ್ಟ್ ಮುಗಿಸಿದರು. ಕಳೆದುಹೋದ ತಲೆಬುರುಡೆ ತಂದುಕೊಟ್ಟರೆ 1,125 ಪ್ರೇಯರ್ ಎಕ್ಸ್‌ಪಿ. ಒಂದು ಸಾಧಾರಣ ಮೂಳೆ ಹೂತರೆ ಸಿಗುವುದು 4.5. ಮಾಸ್ತರು ಬಾಯಲ್ಲೇ ಲೆಕ್ಕ ಮಾಡಿ, "ಅಂದ್ರೆ 250 ಮೂಳೆ ಹೂಳೋ ಕೆಲಸ ಉಳೀತು" ಅಂದರು. ಶುರುವಿನಲ್ಲಿ ಕ್ವೆಸ್ಟ್ ಮಾಡಿ ಅನ್ನುವುದು ಇದಕ್ಕೇ. ವ್ಯಾಂಪೈರ್ ಸ್ಲೇಯರ್ ಒಂದನ್ನೇ ಮುಗಿಸಿದರೆ 4,825 ಅಟ್ಯಾಕ್ ಎಕ್ಸ್‌ಪಿ ಬರುತ್ತದೆ, ಒಂದನೇ ಲೆವೆಲ್‌ನವರು ನೇರ 20ಕ್ಕೆ ಹೋಗುತ್ತಾರೆ.

ಹುಡುಗಿ ಅದನ್ನೂ ಮುಗಿಸಿದಳು. ಡ್ರೇನಾರ್ ಬಂಗಲೆಯ ನೆಲಮಾಳಿಗೆಯಲ್ಲಿರುವ ಆ ರಕ್ತಪಿಶಾಚಿಯ ಲೆವೆಲ್ 34. ಮೊದಲ ಸಲ ಸುತ್ತಿಗೆ ಮರೆತು ಹೋಗಿದ್ದಳು. ಗೂಟ ಇದ್ದರೂ ಸುತ್ತಿಗೆ ಇಲ್ಲದೆ ಅದು ಸಾಯುವುದಿಲ್ಲ. ಎರಡನೇ ಸಲ ಸುತ್ತಿಗೆ, ಗೂಟ, ಬೆಳ್ಳುಳ್ಳಿ, ಚೀಲದ ತುಂಬ ಮೀನು ಎಲ್ಲ ಇಟ್ಟುಕೊಂಡು ಹೋದಳು. ಚೀಲದಲ್ಲಿ ಇರುವುದೇ 28 ಜಾಗ. ಹೊರಡುವ ಮೊದಲು ಬ್ಯಾಂಕಿನ ಮುಂದೆ ನಿಂತು ಒಂದೊಂದೇ ಎಣಿಸಿದಳು. ನಾನು ಏನೂ ಹೇಳಿಕೊಟ್ಟಿರಲಿಲ್ಲ.

ವಾರ 5

ಹುಡುಗಿಗೆ ಯಾರೋ ಆಟದೊಳಗೆ, "ನಿನ್ನ ನಾಣ್ಯ ಕೊಡು, ದುಪ್ಪಟ್ಟು ಮಾಡಿಕೊಡ್ತೀನಿ" ಅಂದಿದ್ದಾರೆ. ಕೊಡಲಿಲ್ಲ, ನನ್ನನ್ನು ಕೇಳಿದಳು. ಸಂತೋಷವಾಯಿತು. ಮೊದಲು ಸಣ್ಣ ಮೊತ್ತ ನಿಜವಾಗಿಯೂ ದುಪ್ಪಟ್ಟು ಮಾಡಿ ಕೊಡುತ್ತಾರೆ. ನಂಬಿಕೆ ಬಂದ ಮೇಲೆ ದೊಡ್ಡದನ್ನು ನುಂಗುತ್ತಾರೆ. ಪಾಸ್‌ವರ್ಡ್ ಕೇಳುವವರು, ಬೇರೆ ಕೊಂಡಿ ಒತ್ತು ಅನ್ನುವವರು, ಎಲ್ಲರೂ ಒಂದೇ ಜಾತಿ.

ಅದೇ ಸಂಜೆ ಇಬ್ಬರನ್ನೂ ಸ್ಟ್ರಾಂಗ್‌ಹೋಲ್ಡ್ ಆಫ್ ಸೆಕ್ಯುರಿಟಿಗೆ ಕಳಿಸಿದೆ. ಬಾರ್ಬೇರಿಯನ್ ವಿಲೇಜ್‌ನ ಗಣಿ ಗುಂಡಿಯಲ್ಲಿ ಅದರ ಬಾಯಿ ಇದೆ. ನಾಲ್ಕು ಅಂತಸ್ತು. ಬಾಗಿಲುಗಳು ಖಾತೆಯ ಸುರಕ್ಷತೆ ಬಗ್ಗೆ ಪ್ರಶ್ನೆ ಕೇಳುತ್ತವೆ. ಮೊದಲ ಮೂರು ಅಂತಸ್ತಿನಲ್ಲಿ 2,000, 3,000, 5,000, ಒಟ್ಟು 10,000 ನಾಣ್ಯ ಸಿಗುತ್ತದೆ. ನಾಲ್ಕನೆಯದರಲ್ಲಿ ಒಂದು ಜೊತೆ ಬೂಟು. ಹೊಸಬರ ಕೈಗೆ ಬರುವ ಮೊದಲ ದೊಡ್ಡ ದುಡ್ಡು ಇದು, ಅದೂ ಮೋಸ ಹೋಗದಿರುವುದನ್ನು ಕಲಿಸಿಯೇ ಕೊಡುತ್ತದೆ. ಇದನ್ನು ಯೋಚಿಸಿ ಮಾಡಿದವರ ಮೇಲೆ ನನಗೆ ಗೌರವವಿದೆ. ಇಬ್ಬರ ಖಾತೆಗೂ ಬ್ಯಾಂಕ್ ಪಿನ್ ಹಾಕಿಸಿದೆ, ಲಾಗಿನ್ ಆಗುವಾಗ ಇನ್ನೊಂದು ಕೋಡ್ ಕೇಳುವ ಅಥೆಂಟಿಕೇಟರ್ ಕೂಡ.

ವಾರ 6 ಮತ್ತು 7

ಉಚಿತವಾಗಿ ಆಡುವ ಹೊಸ ಖಾತೆಗೆ ವ್ಯಾಪಾರದಲ್ಲಿ ಕೆಲವು ಮಿತಿಗಳಿವೆ. 20 ಗಂಟೆ ಆಟ, ಕ್ವೆಸ್ಟ್ ಮುಗಿಸಿದಾಗ ಸಿಗುವ ಕ್ವೆಸ್ಟ್ ಪಾಯಿಂಟ್ 10, ಎಲ್ಲ ಕೌಶಲ ಸೇರಿ 100 ಲೆವೆಲ್ ಆದ ಮೇಲೆ ಅವು ಹೋಗುತ್ತವೆ. ಗಾಬ್ಲಿನ್ ಡಿಪ್ಲೊಮಸಿ ಅನ್ನುವ ಕ್ವೆಸ್ಟ್ ಒಂದಕ್ಕೇ 5 ಪಾಯಿಂಟ್. ಕೇಕ್, ಕುರಿ ಉಣ್ಣೆ, ದೆವ್ವ, ಮಾಟಗಾತಿಯ ಮದ್ದು, ಡೋರಿಕ್‌ನ ಕೆಲಸ, ಈ ಕ್ವೆಸ್ಟ್‌ಗಳಿಗೆ ಒಂದೊಂದು ಪಾಯಿಂಟ್. ಅಲ್ಲಿಗೆ ಹತ್ತು. ಮಾಸ್ತರು ಕಾದಾಡದೆಯೇ ಅಲ್ಲಿಗೆ ಮುಟ್ಟಲು ಏನೇನು ಬೇಕೋ ಹುಡುಕಿ, ಒಂದೊಂದಾಗಿ ಮುಗಿಸಿದರು. ಇಲಿ ಬಾಲಕ್ಕಾಗಿ ಮಾತ್ರ ಕತ್ತಿ ಎತ್ತಬೇಕಾಯಿತು.

ಮಿತಿ ಕಳೆದ ದಿನ ಇಬ್ಬರೂ ಮೊದಲ ಸಲ ತಮ್ಮತಮ್ಮಲ್ಲಿ ವ್ಯಾಪಾರ ಮಾಡಿದರು. ಮಾಸ್ತರ ಫಿಶಿಂಗ್ 30 ದಾಟಿದೆ. ಬಾರ್ಬೇರಿಯನ್ ವಿಲೇಜ್‌ನ ಹೊಳೆಯಲ್ಲಿ ಟ್ರೌಟ್, ಸಾಲ್ಮನ್ ಹಿಡಿಯುತ್ತಾರೆ. ಅದಕ್ಕೆ ಗಾಳದ ಜೊತೆ ಗರಿ ಬೇಕು. ಹುಡುಗಿ ಕೋಳಿ ಹೊಡೆದು ಕೂಡಿಟ್ಟ ಗರಿ ಸಾವಿರದ ಮೇಲಿತ್ತು. ಅವಳು ಗರಿ ಕೊಟ್ಟಳು, ಇವರು ಬೇಯಿಸಿದ ಟ್ರೌಟ್ ಕೊಟ್ಟರು. ಒಂದು ಟ್ರೌಟ್ ತಿಂದರೆ 7 ಜೀವ ಮರಳುತ್ತದೆ, ಸಿಗಡಿಯಾದರೆ 3 ಮಾತ್ರ. ವ್ಯಾಪಾರದ ಎರಡನೇ ಪರದೆಯಲ್ಲಿ ಇಬ್ಬರೂ ಎರಡೆರಡು ಸಲ ಓದಿ ಒಪ್ಪಿದರು. ಎದುರುಬದುರು ಬಾಲ್ಕನಿಯಲ್ಲಿ ಕೂತು, ನಡುವೆ ಮಳೆ ಸುರಿಯುತ್ತಿರುವಾಗ.

ನಾನು ಇಷ್ಟು ವರ್ಷ ಆಡಿದ್ದೇನೆ. ನನ್ನ ಮೊದಲ ವ್ಯಾಪಾರ ಯಾವುದು ಅಂತ ನೆನಪಿಲ್ಲ. ಇವರಿಬ್ಬರಿಗೆ ಇದು ನೆನಪಿರುತ್ತದೆ.

ವಾರ 8

ಹುಡುಗಿ 99ನೇ ಲೆವೆಲ್ ಯಾವಾಗ ಅಂತ ಕೇಳಿದಳು. ನಿಜ ಹೇಳಿದೆ. ಎರಡನೇ ಲೆವೆಲ್‌ಗೆ 83 ಎಕ್ಸ್‌ಪಿ ಸಾಕು. 50ಕ್ಕೆ 1,01,333 ಬೇಕು. 99ಕ್ಕೆ 1,30,34,431. 92ಕ್ಕೆ ಬಂದಾಗ ಅರ್ಧ ದಾರಿ ಆಗಿರುತ್ತದೆ ಅಷ್ಟೇ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಡ್ರ್ಯಾಗನ್ ಮೊದಲು" ಅಂದಳು.

ಡ್ರ್ಯಾಗನ್ ಕೊಲ್ಲುವ ಕ್ವೆಸ್ಟ್ ಡ್ರ್ಯಾಗನ್ ಸ್ಲೇಯರ್ ಶುರು ಮಾಡಲು 32 ಕ್ವೆಸ್ಟ್ ಪಾಯಿಂಟ್ ಬೇಕು. ಅವಳ ಬಳಿ 17 ಇವೆ. ಬೆಂಕಿ ತಡೆಯುವ ಗುರಾಣಿಯನ್ನು ಲಂಬ್ರಿಜ್ ಕೋಟೆಯ ಡ್ಯೂಕ್ ಉಚಿತವಾಗಿ ಕೊಡುತ್ತಾನೆ. ಅದನ್ನು ನಾನು ಹೇಳಿಲ್ಲ. ಮಾತಾಡಿಸಿದರೆ ಗೊತ್ತಾಗುತ್ತದೆ, ಈಗ ಅವಳು ಎಲ್ಲರನ್ನೂ ಮಾತಾಡಿಸುತ್ತಾಳೆ.

ಮಾಸ್ತರ ಫಿಶಿಂಗ್ 38. ನಲವತ್ತಾದರೆ ಲಾಬ್‌ಸ್ಟರ್ ಹಿಡಿಯಬಹುದು. ಅದಕ್ಕೆ ಪೋರ್ಟ್ ಸಾರಿಮ್‌ನಿಂದ 30 ನಾಣ್ಯ ಕೊಟ್ಟು ಹಡಗಿನಲ್ಲಿ ಕರಾಮ್ಜಾ ದ್ವೀಪಕ್ಕೆ ಹೋಗಬೇಕು. ಹೋಗಿ ಬರಲು 60 ನಾಣ್ಯ ತೆಗೆದಿಟ್ಟಿದ್ದಾರೆ. ಡ್ರ್ಯಾಗನ್ ಹತ್ತಿರ ಹೋಗುವಾಗ ಹುಡುಗಿಗೆ ಟ್ರೌಟ್ ಸಾಲುವುದಿಲ್ಲ, ಲಾಬ್‌ಸ್ಟರ್ ಆದರೆ 12 ಜೀವ ಅಂತ ಅವರೇ ಲೆಕ್ಕ ಹಾಕಿದ್ದಾರೆ. ನೋಟ್‌ಬುಕ್ಕಿನಲ್ಲಿ "24 ಲಾಬ್‌ಸ್ಟರ್, ಮಗಳಿಗೆ" ಅಂತ ಬರೆದುಕೊಂಡಿದ್ದು ನೋಡಿದೆ.

ಆಫೀಸಿನ ಹುಡುಗನಿಗೆ ನಿನ್ನೆ ಇದನ್ನೆಲ್ಲ ಹೇಳಿದೆ. ಹೊಸ ಖಾತೆ ಮಾಡಿ ಮೊದಲಿನಿಂದ ಶುರು ಮಾಡ್ತೀನಿ ಅಂದಿದ್ದಾನೆ. ಭಾನುವಾರ ಮಧ್ಯಾಹ್ನ ಮನೆಗೆ ಬರುತ್ತಾನೆ. ಅವನಿಗೆ ಹೇಳಿಕೊಡುವುದು ನಾನಲ್ಲ, ಮಾಸ್ತರು.