ಇಪ್ಪತ್ತೆಂಟಕ್ಕೇ ಮುಗಿದ ಆಟ

18 ಆಗಸ್ಟ್ 2025, ಸೋಮವಾರ

ನೆದರ್ಲೆಂಡ್ಸ್‌ನ ಫುಟ್‌ಬಾಲ್ ಸ್ಟ್ರೈಕರ್ ಮಾರ್ಕೊ ವಾನ್ ಬಾಸ್ಟೆನ್ ತಮ್ಮ ಕ್ಲಬ್ ಮಿಲಾನ್‌ನ ಸ್ಯಾನ್ ಸಿರೊ ಮೈದಾನದಲ್ಲಿ ಕೊನೆಯ ಸುತ್ತು ಹಾಕಿ ಇವತ್ತಿಗೆ ಸರಿಯಾಗಿ 30 ವರ್ಷ. 1995ರ ಆಗಸ್ಟ್ 18. ನಿವೃತ್ತಿ ಅಂತ ಹೇಳಿದ್ದು ಅದರ ಹಿಂದಿನ ದಿನ. ಜರ್ಸಿ ಇಲ್ಲ, ಬೂಟು ಇಲ್ಲ, ಜೀನ್ಸ್ ಮೇಲೊಂದು ಜಾಕೆಟ್ ಅಷ್ಟೇ. ಜನರ ಕಡೆ ನೋಡಿ ಚಪ್ಪಾಳೆ ತಟ್ಟುತ್ತಾ ಒಂದು ಸುತ್ತು ಬಂದು ಒಳಗೆ ಹೋಗಿಬಿಟ್ಟರು. ಕೋಚ್ ಫಾಬಿಯೊ ಕಪೆಲ್ಲೊ, ಅಷ್ಟು ಗಟ್ಟಿ ಮನುಷ್ಯ, ಕಣ್ಣೀರು ತಡೆಯಲಿಲ್ಲ. ಆ ವಿಡಿಯೊ ಬೆಳಿಗ್ಗೆ ಮತ್ತೆ ನೋಡಿದೆ. ಆಗಿನಿಂದ ತಲೆಯಲ್ಲಿ ಅದೇ ಸುತ್ತುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಅವತ್ತು ವಾನ್ ಬಾಸ್ಟೆನ್‌ಗೆ 30 ವರ್ಷ. ಆದರೆ ಕೊನೆಯ ಪಂದ್ಯ ಆಡಿ ಆಗಲೇ ಎರಡು ವರ್ಷ ಆಗಿತ್ತು. 1993ರ ಮೇ 26, ಮ್ಯೂನಿಕ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್. ಫ್ರಾನ್ಸ್‌ನ ಮಾರ್ಸೆ ಕ್ಲಬ್ ವಿರುದ್ಧ ಮಿಲಾನ್ 1-0 ಸೋತಿತು, ಪಂದ್ಯ ಮುಗಿಯುವ ಮುಂಚೆಯೇ ವಾನ್ ಬಾಸ್ಟೆನ್ ಹೊರಗೆ ಬಂದರು. ನನಗೆ ತುಂಬಾ ನೋವು ಕೊಡುವ ಸಂಗತಿ ಅಂದರೆ ಅದೇ ಮೈದಾನದಲ್ಲಿ, 1988ರ ಯುರೋ ಫೈನಲ್‌ನಲ್ಲಿ, ಸೋವಿಯತ್ ತಂಡದ ಗೋಲ್‌ಕೀಪರ್ ದಸಾಯೆವ್ ಅವರ ತಲೆ ಮೇಲಿಂದ ಆ ವಾಲಿ (ಚೆಂಡು ನೆಲಕ್ಕೆ ಬೀಳುವ ಮುಂಚೆಯೇ ಹೊಡೆಯುವುದು) ಹೊಡೆದಿದ್ದರು. ಜೊತೆ ಆಟಗಾರ ಮ್ಯೂರೆನ್ ಎತ್ತಿ ಕೊಟ್ಟ ಚೆಂಡು ಎಷ್ಟೋ ಹೊತ್ತು ಗಾಳಿಯಲ್ಲೇ ಇತ್ತು, ಇವರು ನಿಂತಿದ್ದ ಕೋನದಿಂದ ಯಾರೂ ಗೋಲಿಗೆ ಹೊಡೆಯುವ ಯೋಚನೆಯನ್ನೇ ಮಾಡುವುದಿಲ್ಲ. ಆಗ 23 ವರ್ಷ. ಐದು ವರ್ಷದ ಮೇಲೆ, 28ಕ್ಕೆ, ಅದೇ ಹುಲ್ಲಿನ ಮೇಲೆ ಎಲ್ಲ ಮುಗಿಯಿತು. ಅಷ್ಟರಲ್ಲಿ ಮೂರು ಸಲ ಬ್ಯಾಲನ್ ಡಿ'ಓರ್ ಗೆದ್ದಿದ್ದರು, ಕೊನೆಯದು 1992ರಲ್ಲಿ. ಅಂದರೆ ಯುರೋಪಿನ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡ ಮರುವರ್ಷವೇ ಕೊನೆಯ ಪಂದ್ಯ.

ಆಮೇಲಿನ ಎರಡು ವರ್ಷದ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಪಾದದ ಕೀಲಿನ ಕಾರ್ಟಿಲೇಜ್ ಸವೆದು ಹೋಗಿತ್ತು. ಆಪರೇಷನ್, ವಿಶ್ರಾಂತಿ, ಮತ್ತೆ ಪ್ರಯತ್ನ, ಮತ್ತೆ ನೋವು. 1994ರ ವಿಶ್ವಕಪ್ ಬಂತು, ಹೋಯಿತು. ರಾತ್ರಿ ಎದ್ದು ಬಚ್ಚಲಿಗೆ ಹೋಗಬೇಕಾದರೆ ನೆಲದ ಮೇಲೆ ತೆವಳಿಕೊಂಡು ಹೋಗುತ್ತಿದ್ದೆ ಅಂತ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಕೊನೆಗೆ ನೋವು ಹೋಗಲಿ ಅಂತ ಆ ಕೀಲಿನ ಮೂಳೆಗಳನ್ನೇ ಒಂದಕ್ಕೊಂದು ಕೂಡಿಸಿಬಿಟ್ಟರು. ಆಟಗಾರನ ಬದುಕು ಒಂದು ದಿನದಲ್ಲಿ ಮುಗಿಯುವುದಿಲ್ಲ, ಹೀಗೆ ಕಾಯುತ್ತಾ ಕಾಯುತ್ತಾ ಮುಗಿಯುತ್ತದೆ. ನಾವು ನೋಡುವುದು ಕೈಬೀಸುವ ದಿನವನ್ನು ಮಾತ್ರ.

ಇನ್ನೊಂದು ಮಾತು. ಆ ಕಾಲದಲ್ಲಿ ಹಿಂದಿನಿಂದ ಬಂದು ಕಾಲಿಗೆ ಒದೆಯುವುದು ಡಿಫೆಂಡರ್‌ಗಳಿಗೆ ದಿನನಿತ್ಯದ ಕೆಲಸ. ರೆಫರಿಗಳು ನೋಡಿಯೂ ಬಿಡುತ್ತಿದ್ದರು. ಹೀಗೆ ಅಪಾಯ ತರುವಂತೆ ಹಿಂದಿನಿಂದ ಮಾಡುವ ಟ್ಯಾಕಲ್‌ಗೆ ಕೆಂಪು ಕಾರ್ಡ್ ಅಂತ ಫಿಫಾ ಬಿಗಿ ಮಾಡಿದ್ದು 1998ರ ವಿಶ್ವಕಪ್ ಹೊತ್ತಿಗೆ. ಇಷ್ಟು ಸಣ್ಣ ನಿಯಮ ಹತ್ತು ವರ್ಷ ಮೊದಲೇ ಬರಬಾರದಿತ್ತಾ? ಇವತ್ತಿನ ಸ್ಟ್ರೈಕರ್‌ಗಳು 35ರ ತನಕ ಆಡುತ್ತಾರೆ ಅಂದರೆ ಅದಕ್ಕೆ ಊಟ, ವ್ಯಾಯಾಮ, ಒಳ್ಳೆಯ ಆಪರೇಷನ್ ಎಲ್ಲ ಕಾರಣ ಹೌದು, ಆದರೆ ಆ ಕೆಂಪು ಕಾರ್ಡೂ ಕಾರಣ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಜಪಾನಿನ ಕಜುಯೊಶಿ ಮಿಯುರಾ 58ರಲ್ಲೂ ಆಡಿದವರು, ಅದು ಬೇರೆಯೇ ಕಥೆ. ಬಹಳಷ್ಟು ಜನರಿಗೆ ಈ ಕೆಲಸ ಇರುವುದು ಹದಿನೇಳು ಹದಿನೆಂಟರಿಂದ ಮೂವತ್ತೈದರ ಒಳಗೆ. ಅದರಲ್ಲೂ ಮೂವತ್ತು ದಾಟಿದರೆ ಒಂದೊಂದೇ ವರ್ಷದ ಒಪ್ಪಂದ. ಎಂಟು ಒಂಬತ್ತು ವರ್ಷಕ್ಕೇ ಅಕಾಡೆಮಿಗೆ ಸೇರಿ, ಬೇರೆ ಏನನ್ನೂ ಸರಿಯಾಗಿ ಕಲಿಯದೆ ಬಂದವರು ಇವರು. ಬೇರೆ ಕೆಲಸಗಳಲ್ಲಿ 28 ಅಂದರೆ ಆಗತಾನೇ ಕಾಲೂರುವ ವಯಸ್ಸು, ಅಲ್ವಾ?

ಫ್ರಾನ್ಸ್‌ನ ಜುಸ್ತ್ ಫೊಂತೇನ್ ನೋಡಿ. 1958ರ ಒಂದೇ ವಿಶ್ವಕಪ್‌ನಲ್ಲಿ 13 ಗೋಲು, ಇವತ್ತಿಗೂ ಯಾರೂ ಮುರಿದಿಲ್ಲ. ಕಾಲು ಎರಡು ಸಲ ಮುರಿದು 28ಕ್ಕೇ ನಿಲ್ಲಿಸಿದರು. ಇಂಗ್ಲೆಂಡಿನ ಬ್ರಯಾನ್ ಕ್ಲಫ್ 274 ಲೀಗ್ ಪಂದ್ಯಗಳಲ್ಲಿ 251 ಗೋಲು ಹೊಡೆದವರು. 1962ರ ಡಿಸೆಂಬರ್ 26ರಂದು ಎದುರಾಳಿ ಗೋಲ್‌ಕೀಪರ್‌ಗೆ ಡಿಕ್ಕಿ ಹೊಡೆದು ಮೊಣಕಾಲಿನ ಲಿಗಮೆಂಟ್ ಹರಿಯಿತು. ಆಗ ಅದಕ್ಕೆ ಮದ್ದಿರಲಿಲ್ಲ. ಇವತ್ತಾಗಿದ್ದರೆ ಒಂದು ವರ್ಷದೊಳಗೆ ವಾಪಸ್ ಬರುತ್ತಿದ್ದರೋ ಏನೋ. ಅದೇ ಮನುಷ್ಯ ಮುಂದೆ ಮ್ಯಾನೇಜರ್ ಆಗಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡಕ್ಕೆ 1979, 1980 ಎರಡು ವರ್ಷವೂ ಯುರೋಪಿಯನ್ ಕಪ್ ಗೆದ್ದುಕೊಟ್ಟರು.

ನನಗೆ ಎಲ್ಲರಿಗಿಂತ ಇಷ್ಟ ನಾರ್ಮನ್ ವೈಟ್‌ಸೈಡ್. 1982ರಲ್ಲಿ ಉತ್ತರ ಐರ್ಲೆಂಡ್ ಪರ ವಿಶ್ವಕಪ್‌ಗೆ ಇಳಿದಾಗ ಅವರಿಗೆ 17 ವರ್ಷ 41 ದಿನ, ವಿಶ್ವಕಪ್‌ನ ಅತಿ ಕಿರಿಯ ಆಟಗಾರ ಅನ್ನುವ ಪೆಲೆ ದಾಖಲೆ ಮುರಿದ ಹುಡುಗ. 1985ರ ಎಫ್‌ಎ ಕಪ್ ಫೈನಲ್‌ನಲ್ಲಿ ಹತ್ತೇ ಜನ ಉಳಿದಿದ್ದ ಮ್ಯಾಂಚೆಸ್ಟರ್ ಯುನೈಟೆಡ್‌ಗೆ, ಹೆಚ್ಚುವರಿ ಸಮಯದಲ್ಲಿ, ಬಲಗಡೆಯಿಂದ ಒಳಗೆ ತಿರುಗಿ ಎಡಗಾಲಲ್ಲಿ ಹೊಡೆದ ಗೋಲು ಎಷ್ಟು ಚೆಂದ! ಮೊಣಕಾಲು ಕೈಕೊಟ್ಟು 26ಕ್ಕೇ ಆಟ ಮುಗಿಯಿತು. ಎಲ್ಲರೂ ಇನ್ನೂ ಎಷ್ಟು ಗೋಲು ಹೊಡೆಯಬಹುದಿತ್ತು ಅಂತ ಲೆಕ್ಕ ಹಾಕುತ್ತಾರೆ. ನನಗೆ ಆ ಲೆಕ್ಕ ಬೇಡ. ಅವರು ಮತ್ತೆ ಓದಲು ಕೂತು ಪಾದದ ಚಿಕಿತ್ಸೆ ಕಲಿತರು, ಬೇರೆ ಆಟಗಾರರ ಕಾಲು ನೋಡಿದರು. ಆ ವಯಸ್ಸಿನಲ್ಲಿ, ಅಷ್ಟು ಹೆಸರು ಮಾಡಿದ ಮೇಲೆ, ಮತ್ತೆ ವಿದ್ಯಾರ್ಥಿಯಾಗಿ ಬೆಂಚಿನ ಮೇಲೆ ಕೂರುವುದಕ್ಕೆ ಎಂಥ ಗಟ್ಟಿತನ ಬೇಕು! ಆ ಗೋಲಿನಷ್ಟೇ ಇದನ್ನೂ ನೆನಪಿಡಬೇಕು.

ಎಲ್ಲರ ಕಥೆಯೂ ಕಾಲಿನದ್ದೇ ಅಲ್ಲ. ಜರ್ಮನಿಯ ಸೆಬಾಸ್ಟಿಯನ್ ಡೈಸ್ಲರ್ 2007ರಲ್ಲಿ 27ಕ್ಕೇ ಬಿಟ್ಟರು. ಮೊಣಕಾಲಿನ ಜೊತೆ ಖಿನ್ನತೆಯೂ ಇತ್ತು. ಇಂಗ್ಲೆಂಡಿನ ಕ್ಲಬ್ಬಿಗೆ ಆಡುತ್ತಿದ್ದ ಫ್ಯಾಬ್ರಿಸ್ ಮುವಾಂಬಾ 2012ರ ಮಾರ್ಚ್‌ನಲ್ಲಿ ಪಂದ್ಯದ ನಡುವೆ ಕುಸಿದು ಬಿದ್ದರು, ಹೃದಯ 78 ನಿಮಿಷ ನಿಂತಿತ್ತು. ಬದುಕಿ ಬಂದರು. ಅದೇ ವರ್ಷ, 24ಕ್ಕೆ, ನಿವೃತ್ತಿ.

ಇಂಗ್ಲೆಂಡಿನ ರಯಾನ್ ಮೇಸನ್ ವಿಷಯ ಇತ್ತೀಚಿನದು. 2017ರ ಜನವರಿಯಲ್ಲಿ ಹೆಡ್ ಮಾಡಲು ಹಾರಿದಾಗ ತಲೆಗೆ ತಲೆ ಬಡಿದು ಬುರುಡೆ ಒಡೆಯಿತು. ಮತ್ತೆ ಆಡುವ ಆಸೆಯಿಂದ ಒಂದು ವರ್ಷ ಒದ್ದಾಡಿ, ಡಾಕ್ಟರ್‌ಗಳು ಬೇಡ ಅಂದ ಮೇಲೆ 26ಕ್ಕೆ ಬಿಟ್ಟರು. 2021ರಲ್ಲಿ ಟಾಟನ್‌ಹ್ಯಾಮ್ ತಂಡದ ಹಂಗಾಮಿ ಮ್ಯಾನೇಜರ್ ಆದಾಗ ಅವರಿಗೆ 29. ಒಂದು ಕಾಲಕ್ಕೆ ಅದೇ ಕ್ಲಬ್ಬಿನಲ್ಲಿ ಜೊತೆಗಿದ್ದ ಗ್ಯಾರೆತ್ ಬೇಲ್, ಹ್ಯೂಗೊ ಲೋರಿಸ್ ಇಬ್ಬರೂ ಅವರಿಗಿಂತ ದೊಡ್ಡವರು. ಅವರು ಇನ್ನೂ ಆಡುತ್ತಿದ್ದರು, ಇವರು ಗೆರೆಯ ಆಚೆ ನಿಂತು ಅವರಿಗೆ ಆಟ ಹೇಳಿಕೊಡುತ್ತಿದ್ದರು.

ಇವರೆಲ್ಲ ಹೆಸರು ಇದ್ದವರು, ಹಣವನ್ನೂ ಅಷ್ಟಿಷ್ಟು ನೋಡಿದವರು. ಕೆಳಗಿನ ಲೀಗ್‌ಗಳಲ್ಲಿ ಎರಡು ವರ್ಷದ ಒಪ್ಪಂದದ ಮೇಲೆ ಆಡುತ್ತಾ ಇಪ್ಪತ್ತಮೂರಕ್ಕೇ ಮೊಣಕಾಲು ಕಳೆದುಕೊಂಡ ಹುಡುಗರಿಗೆ ವಿಡಿಯೊನೂ ಇಲ್ಲ, ಚಪ್ಪಾಳೆನೂ ಇಲ್ಲ. ಆಟ ನಿಂತ ಮೇಲೆ ಎರಡು ಮೂರು ವರ್ಷ ಓದುವ ಖರ್ಚು ಕ್ಲಬ್ಬೇ ಕೊಡಬೇಕು ಅಂತ ಪ್ರತಿಯೊಂದು ಒಪ್ಪಂದದಲ್ಲೂ ಬರೆದಿರಬೇಕು. ಒಬ್ಬ ಸ್ಟಾರ್ ಆಟಗಾರನನ್ನು ಕೊಳ್ಳಲು ಸುರಿಯುವ ಹಣದ ಮುಂದೆ ಅದು ಯಾವ ಮಹಾ ಖರ್ಚು?