ಏಪ್ರಿಲ್‌ನ ಆ ಒಂದು ರನ್

2023ರ ಬೇಸ್‌ಬಾಲ್ ಸೀಸನ್ ಮಾರ್ಚ್ 30ಕ್ಕೆ ಶುರುವಾಯಿತು. ಅಲ್ಲಿಂದ ಹತ್ತು ದಿನ ಟ್ಯಾಂಪಾ ಬೇ ರೇಸ್ ತಂಡ ಸೋಲಲೇ ಇಲ್ಲ. ಡೆಟ್ರಾಯ್ಟ್ ಮೇಲೆ ಮೂರು ಗೆಲುವು, ವಾಷಿಂಗ್ಟನ್‌ಗೆ ಹೋಗಿ ಮೂರು, ಮನೆಗೆ ಬಂದು ಓಕ್ಲೆಂಡ್ ಮೇಲೆ ಮತ್ತೆ ಮೂರು. ಸುಮ್ನೆ ಗೆಲುವಲ್ಲ, ಒಂಬತ್ತೂ ಪಂದ್ಯಗಳನ್ನು ಕನಿಷ್ಠ ನಾಲ್ಕು ರನ್ ಅಂತರದಲ್ಲಿ ಗೆದ್ದರು. ಓಕ್ಲೆಂಡ್ ಮೇಲಂತೂ ಶನಿವಾರ 11-0, ಭಾನುವಾರ ಮತ್ತೆ 11-0. ಒಟ್ಟು 75 ರನ್ ಹೊಡೆದು 18 ಬಿಟ್ಟುಕೊಟ್ಟಿದ್ದರು. ಸೀಸನ್ನಿನ ಮೊದಲ ಒಂಬತ್ತು ಪಂದ್ಯಗಳನ್ನು ಹೀಗೆ ಗೆದ್ದ ಇನ್ನೊಂದು ತಂಡ ಹುಡುಕಬೇಕಾದರೆ 1884ರ ಸೇಂಟ್ ಲೂಯಿಸ್ ಮರೂನ್ಸ್ ತನಕ ಹೋಗಬೇಕು.

ನಾನು ರೇಸ್ ಅಭಿಮಾನಿ. ಟ್ಯಾಂಪಾದ ಯೂನಿವರ್ಸಿಟಿ ಆಫ್ ಸೌತ್ ಫ್ಲೋರಿಡಾದಲ್ಲಿ ಓದುತ್ತಿದ್ದಾಗ, 2008ರಲ್ಲಿ, ಈ ತಂಡ ಮೊದಲ ಸಲ ಸೀಸನ್ನಿನ ಫೈನಲ್ ಆದ ವರ್ಲ್ಡ್ ಸೀರೀಸ್ ತಲುಪಿತು. ಹಿಂದಿನ ವರ್ಷವಷ್ಟೇ 96 ಪಂದ್ಯ ಸೋತು ಎಲ್ಲರಿಗಿಂತ ಕೆಳಗಿದ್ದ ತಂಡ ಅದು. ಆ ಹುಚ್ಚು ಹಿಡಿದದ್ದು ಇನ್ನೂ ಬಿಟ್ಟಿಲ್ಲ. ಈಗ ಚಿಕಾಗೋದಲ್ಲಿದ್ದರೂ ಸಂಜೆಯಾದರೆ ಫೋನಿನಲ್ಲಿ ರೇಸ್ ಸ್ಕೋರ್ ನೋಡದೆ ಊಟ ಇಳಿಯುವುದಿಲ್ಲ.

ಆ ವಾರ ಆಫೀಸಿನ ಕೆಲಸಕ್ಕೆ ಒರ್ಲ್ಯಾಂಡೋಗೆ ಹೋಗಬೇಕಿತ್ತು. ಹೊರಡುವ ದಿನವನ್ನು ಬದಲಿಸಿಕೊಂಡೆ. ಟ್ಯಾಂಪಾದಲ್ಲಿರುವ ಅಕ್ಕ-ಭಾವನ ಮನೆಗೆ ಹೋಗುವುದು, ಸೋಮವಾರ ರಾತ್ರಿ ಬಾಸ್ಟನ್ ರೆಡ್ ಸಾಕ್ಸ್ ಜೊತೆಗಿನ ಹತ್ತನೇ ಪಂದ್ಯ ನೋಡುವುದು ಅಂತ ಲೆಕ್ಕ. ಒರ್ಲ್ಯಾಂಡೋ ಬಗ್ಗೆ ಬರೆಯಲು ನನ್ನ ಹತ್ತಿರ ಏನೂ ಇಲ್ಲ. ಹೋಟೆಲ್‌ಗಳ ಊರು ಅದು. ಎಲ್ಲಿ ನೋಡಿದರೂ ಒಂದೇ ತರಹದ ಲಾಬಿ, ಒಂದೇ ತರಹದ ಈಜುಕೊಳ.

ದಾರಿಯ ಬಗ್ಗೆ ಮಾತ್ರ ಒಂದು ಮಾತು ಹೇಳಲೇಬೇಕು. ಒರ್ಲ್ಯಾಂಡೋ ಏರ್‌ಪೋರ್ಟಿನಿಂದ ಹೊರಟರೆ 528ನೇ ರಸ್ತೆಯಲ್ಲಿ ಟೋಲ್ ಇದೆ. ಅಲ್ಲಿಂದ ಐ-4 ಹೆದ್ದಾರಿ ಹಿಡಿದರೆ ಟ್ಯಾಂಪಾ ತನಕ ಟೋಲ್ ಇಲ್ಲ. ಕೊಡಬೇಕಾದದ್ದು ಚಿಲ್ಲರೆ ದುಡ್ಡು. ಆದರೆ ನಾನು ತೆಗೆದುಕೊಂಡ ಬಾಡಿಗೆ ಕಾರಿನ ಕಂಪನಿ ಟೋಲ್ ಕಟ್ಟಿಕೊಟ್ಟಿದ್ದಕ್ಕೆ ‘ಸೇವಾ ಶುಲ್ಕ’ ಅಂತ ದಿನದ ಲೆಕ್ಕದಲ್ಲಿ ಹಾಕಿ, ಟೋಲ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ಬಿಲ್ ಕಳಿಸಿತು. ಕಾರು ಅಕ್ಕನ ಮನೆ ಮುಂದೆ ಸುಮ್ಮನೆ ನಿಂತಿದ್ದ ದಿನಕ್ಕೂ ಶುಲ್ಕ! ಕೌಂಟರಿನಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಈಗ ನೆನೆಸಿಕೊಂಡರೂ ಸಿಟ್ಟು ಬರುತ್ತದೆ. ಫ್ಲೋರಿಡಾಕ್ಕೆ ಹೋಗುವವರು ಪಬ್ಲಿಕ್ಸ್ ಅಂಗಡಿಯಲ್ಲಿ ಟೋಲ್ ತಾನಾಗಿ ಕಟ್ಟುವ ಸನ್‌ಪಾಸ್ ಕೊಂಡು, ಬಾಡಿಗೆ ಕಾರಿನ ನಂಬರನ್ನು ನಿಮ್ಮ ಖಾತೆಗೆ ಸೇರಿಸಿಕೊಳ್ಳಿ. ಕಾರು ವಾಪಸ್ ಕೊಟ್ಟ ತಕ್ಷಣ ನಂಬರ್ ತೆಗೆದುಹಾಕಿ. ಇಲ್ಲದಿದ್ದರೆ ಮುಂದಿನವರ ಟೋಲ್ ನಿಮ್ಮ ತಲೆಗೆ ಬರುತ್ತದೆ.

ದಾರಿಯಲ್ಲಿ ಒಂದು ಕಡೆ ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದರು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಇದು ಮಾಮೂಲು. ಸಿಪ್ಪೆ ಸಮೇತ ಉಪ್ಪುನೀರಿನಲ್ಲಿ ಬೇಯಿಸಿರುತ್ತಾರೆ, ಬಿಸಿಬಿಸಿ, ರಸ ಸುರಿಯುವ ಹಾಗೆ. ಸ್ಟೇಡಿಯಂನ ಹುರಿದ ಕಡಲೆಕಾಯಿ ಇದರ ಹತ್ತಿರಕ್ಕೂ ಬರುವುದಿಲ್ಲ. ಎರಡು ಪೊಟ್ಟಣ ಕೊಂಡೆ, ಒಂದು ಅಕ್ಕನಿಗೆ.

ಭಾವ ಪಂದ್ಯಕ್ಕೆ ಬರಲು ಮೊದಲು ಒಪ್ಪಲಿಲ್ಲ. ಮಾರನೇ ದಿನ ಅವರಿಗೆ ಬೆಳಗ್ಗೆಯೇ ಕೆಲಸ. ನಾನು ಪಿಚ್ ಕ್ಲಾಕ್ ವಿಷಯ ಹೇಳಿದೆ. ಆ ವರ್ಷವೇ ಬಂದ ಹೊಸ ನಿಯಮ ಅದು. ಆ ವರ್ಷ ಬೇಸ್‌ಗಳು (ರನ್ ಗಳಿಸಲು ಓಡಿ ಮುಟ್ಟಬೇಕಾದ ಗುರುತುಗಳು) ಖಾಲಿ ಇದ್ದರೆ 15 ಸೆಕೆಂಡ್, ಆಟಗಾರರು ಬೇಸ್ ಮೇಲಿದ್ದರೆ 20 ಸೆಕೆಂಡ್. ಅಷ್ಟರೊಳಗೆ ಪಿಚರ್ ಚೆಂಡು ಎಸೆಯಲು ಶುರು ಮಾಡಬೇಕಿತ್ತು. ಮೊದಲು ಮೂರು ಗಂಟೆ ಮೀರುತ್ತಿದ್ದ ಆಟ ಈಗ ಬೇಗ ಮುಗಿಯುತ್ತದೆ. ಹಳೆಯ ಅಭಿಮಾನಿಗಳು ಇದಕ್ಕೆ ಮೂಗು ಮುರಿದರು. ನನಗಂತೂ ಬಹಳ ಇಷ್ಟವಾಯಿತು. ‘ಹಾಗಾದರೆ ನಡಿ’ ಅಂದರು ಭಾವ.

ತಂಡದ ಹೆಸರಿನಲ್ಲಿ ಟ್ಯಾಂಪಾ ಇದ್ದರೂ ಆಟ ನಡೆಯುವುದು ಕೊಲ್ಲಿಯ ಆಚೆ ದಡದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಹೋಗಬೇಕಾದರೆ ಹವರ್ಡ್ ಫ್ರ್ಯಾಂಕ್‌ಲ್ಯಾಂಡ್ ಸೇತುವೆ ದಾಟಬೇಕು. ಆಫೀಸು ಬಿಡುವ ಹೊತ್ತಿಗೆ ಸೇತುವೆ ತುಂಬಾ ಕಾರು. ‘ಇಷ್ಟು ಒಳ್ಳೆ ತಂಡಕ್ಕೆ ಜನ ಯಾಕೆ ಬರಲ್ಲ’ ಅಂತ ಟಿವಿಯಲ್ಲಿ ಕೇಳುವವರನ್ನು ಸಂಜೆ ಐದೂವರೆಗೆ ಈ ಸೇತುವೆ ಮೇಲೆ ಕೂರಿಸಬೇಕು.

ಟ್ರಾಪಿಕಾನಾ ಫೀಲ್ಡ್ ಅಂದರೆ ಬಹಳ ಜನರಿಗೆ ತಾತ್ಸಾರ. ವಾಲಿದ ಗುಮ್ಮಟ, ಕೃತಕ ಹುಲ್ಲು, ಚಾವಣಿಯ ಕೆಳಗೆ ಉಕ್ಕಿನ ಓಡಾಟದ ಹಾದಿಗಳು. ಮೇಲೆ ಹೋದ ಚೆಂಡು ಒಮ್ಮೊಮ್ಮೆ ಅವಕ್ಕೇ ಬಡಿಯುತ್ತದೆ. ನನಗೆ ಈ ಜಾಗ ಇಷ್ಟ. ಹೊರಗೆ ಏಪ್ರಿಲ್‌ನಲ್ಲೇ ಬೆವರು, ಒಳಗೆ ತಣ್ಣಗೆ. ಆಗ ಮೇಲಿನ ಸೀಟುಗಳನ್ನು ಮುಚ್ಚಿಬಿಟ್ಟಿದ್ದರು, ಹಿಡಿಸುತ್ತಿದ್ದದ್ದು ಸುಮಾರು 25,000 ಜನರಷ್ಟೇ. ಹಾಗಾಗಿ ಎಲ್ಲಿ ಕೂತರೂ ಆಟ ಹತ್ತಿರ. ಬಲಗಡೆಯ ಬೇಲಿಯ ಹಿಂದೆ ಒಂದು ತೊಟ್ಟಿಯಲ್ಲಿ ರೇ (ತೊರಕೆ) ಮೀನುಗಳನ್ನು ಬಿಟ್ಟಿದ್ದರು. ಮಕ್ಕಳು ಸಾಲಾಗಿ ನಿಂತು ಮುಟ್ಟಿ ನೋಡುತ್ತಿದ್ದರು. ನಾನೂ ಕೈ ಇಟ್ಟೆ. ನುಣುಪಾಗಿ, ತಣ್ಣಗಿತ್ತು. ಇನ್ನು ಅಭಿಮಾನಿಗಳ ಕೈಯಲ್ಲಿ ಹಸುವಿನ ಕೊರಳಿನ ಗಂಟೆಗಳು. ಮುಚ್ಚಿದ ಚಾವಣಿಯ ಕೆಳಗೆ ಅವನ್ನು ಒಟ್ಟಿಗೆ ಬಾರಿಸಿದರೆ ಎದೆಯೊಳಗೆ ಕೇಳಿಸುತ್ತದೆ. ದೊಡ್ಡ ಪರದೆಯ ಮೇಲೆ ‘ಗಲಾಟೆ ಮಾಡಿ’ ಅಂತ ಬರೆದು ತೋರಿಸುವುದು ಮಾತ್ರ ನನಗೆ ಹಿಡಿಸಲ್ಲ. ಗಲಾಟೆ ತಾನಾಗಿ ಬರಬೇಕು.

ಆ ಸೋಮವಾರ ಸ್ಟೇಡಿಯಂ ತುಂಬಿರಲಿಲ್ಲ. ಬಂದವರಲ್ಲೂ ಬಾಸ್ಟನ್ ಕಡೆಯವರು ಜಾಸ್ತಿ ಇದ್ದರು. ಚಳಿ ತಪ್ಪಿಸಿಕೊಳ್ಳಲು ಬಂದವರು, ನಿವೃತ್ತರಾಗಿ ಇಲ್ಲೇ ನೆಲೆಸಿದವರು. ನಮ್ಮ ಪಕ್ಕದ ಸೀಟಿನಲ್ಲಿ ಒಬ್ಬ ಅಜ್ಜಿ, ರೇಸ್ ಟೋಪಿ ಹಾಕಿಕೊಂಡು, ತೊಡೆಯ ಮೇಲೆ ಸ್ಕೋರ್ ಪುಸ್ತಕ, ಕೈಯಲ್ಲಿ ಪೆನ್ಸಿಲ್. ಒಂದೊಂದು ಚೆಂಡನ್ನೂ ಬರೆದುಕೊಳ್ಳುತ್ತಿದ್ದರು.

ಒಂಬತ್ತು ದಿನ ರನ್ ಮಳೆ ಸುರಿಸಿದ ತಂಡಕ್ಕೆ ಅವತ್ತು ಒಂದು ರನ್ ಹುಟ್ಟಲಿಲ್ಲ. ಬೇಸ್‌ಬಾಲ್ ಪಂದ್ಯಕ್ಕೆ ಒಂಬತ್ತು ಇನಿಂಗ್ಸ್. ಮೂರು ಮುಗಿಯಿತು, ನಾಲ್ಕು, ಐದು, 0-0. ರೇಸ್ ಒಬ್ಬ ಪಿಚರ್ ಮೇಲೆ ಭಾರ ಹಾಕದೆ ಸರದಿಯಲ್ಲಿ ಒಬ್ಬೊಬ್ಬರನ್ನು ಕಳಿಸುತ್ತಿತ್ತು. ಇದು ಅವರ ಹಳೆಯ ಪಟ್ಟು. ಮೊದಲ ಇನಿಂಗ್ಸ್‌ಗೆ ರಿಲೀವರ್‌ನನ್ನೇ (ಸಾಮಾನ್ಯವಾಗಿ ಆಟದ ನಡುವೆ ಬರುವ ಪಿಚರ್) ಇಳಿಸುವ ‘ಓಪನರ್’ ಪದ್ಧತಿಯನ್ನು 2018ರಲ್ಲಿ ಸರ್ಜಿಯೊ ರೋಮೊನಿಂದ ಶುರು ಮಾಡಿ ಬಳಕೆಗೆ ತಂದದ್ದು ಇದೇ ತಂಡ. ದುಡ್ಡಿರುವ ತಂಡಗಳು ದೊಡ್ಡ ಹೆಸರು ಕೊಳ್ಳುತ್ತವೆ. ರೇಸ್ ಹೀಗೆ ದಾರಿ ಹುಡುಕಿಕೊಳ್ಳುತ್ತದೆ. ನಾನು ಈ ತಂಡವನ್ನು ಮೆಚ್ಚುವುದೇ ಅದಕ್ಕೆ.

ಐದನೇ ಇನಿಂಗ್ಸ್ ಮುಗಿದಾಗ ಭಾವ ಶುರು ಮಾಡಿದರು.

‘ನೋಡು, ಸೋತರೂ ತಲೆ ಕೆಡಿಸಿಕೊಳ್ಳಬೇಡ. ಇನ್ನೂ ಏಪ್ರಿಲ್. 162 ಪಂದ್ಯದಲ್ಲಿ ಹತ್ತನೆಯದು ಇದು. ಇಲ್ಲಿ ತನಕ ಆಡಿದ ಮೂರೂ ತಂಡಗಳು ಸುಮಾರಾದವೇ. ಏಪ್ರಿಲ್ ಗೆಲುವಿಗೆ ಅಷ್ಟೇನೂ ಬೆಲೆ ಇಲ್ಲ.’

ಅವರು ಹೇಳಿದ್ದರಲ್ಲಿ ಅರ್ಧ ಸರಿ. ಓಕ್ಲೆಂಡ್ ಆ ವರ್ಷ 112 ಪಂದ್ಯ ಸೋತಿತು. ಟಿವಿಯವರೂ ಆಗ ಇದನ್ನೇ ಹೇಳುತ್ತಿದ್ದರು. ‘ಭಾವ, ಸುಮಾರು ತಂಡಗಳ ಮೇಲೆ ಎಲ್ಲರೂ ಆಡ್ತಾರೆ. ಒಂಬತ್ತಕ್ಕೆ ಒಂಬತ್ತು ಯಾರು ಗೆಲ್ತಾರೆ, ನೀವೇ ಹೇಳಿ’ ಅಂದೆ.

ನಮ್ಮ ಕನ್ನಡ ಅಜ್ಜಿಗೆ ಹೇಗೆ ತಿಳಿಯಬೇಕು? ಆದರೆ ‘ಏಪ್ರಿಲ್’ ಕಿವಿಗೆ ಬಿದ್ದಿತ್ತು. ಇವರು ಏಪ್ರಿಲ್ ಬಗ್ಗೆ ಏನು ಹೇಳುತ್ತಿದ್ದಾರೆ ಅಂತ ನನ್ನನ್ನು ಕೇಳಿದರು. ಹೇಳಿದೆ. ಅವರು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ನೇರವಾಗಿ ಭಾವನ ಕಡೆ ತಿರುಗಿದರು.

‘2011 ನೆನಪಿದೆಯಾ?’

ಭಾವನಿಗೆ ನೆನಪಿತ್ತು. ಯಾವ ರೇಸ್ ಅಭಿಮಾನಿಗೆ ತಾನೇ ಇರಲ್ಲ? ಸೆಪ್ಟೆಂಬರ್ ಆರಂಭದಲ್ಲಿ ಬಾಸ್ಟನ್‌ಗಿಂತ ಒಂಬತ್ತು ಪಂದ್ಯ ಹಿಂದಿದ್ದ ರೇಸ್, ಕೊನೆಯ ದಿನ ಅದನ್ನು ಹಿಂದಿಕ್ಕಿ ಪ್ಲೇಆಫ್‌ಗೆ, ಅಂದರೆ ಕೊನೆಯ ನಾಕೌಟ್ ಸುತ್ತುಗಳಿಗೆ, ಹೋಯಿತು. ಸೆಪ್ಟೆಂಬರ್ 28ರ ರಾತ್ರಿ, ಇದೇ ಸ್ಟೇಡಿಯಂ. ನ್ಯೂಯಾರ್ಕ್ ಯಾಂಕೀಸ್ ಮೇಲೆ ಎಂಟನೇ ಇನಿಂಗ್ಸ್‌ಗೆ 0-7. ಜನ ಎದ್ದು ಹೊರಟರು. ಅಜ್ಜಿ ಏಳಲಿಲ್ಲವಂತೆ. ‘ಪುಸ್ತಕದಲ್ಲಿ ಇನ್ನೂ ಖಾಲಿ ಮನೆಗಳಿದ್ದವು, ತುಂಬಿಸದೆ ಹೇಗೆ ಏಳಲಿ?’ ಅಂದರು. ಎಂಟನೇ ಇನಿಂಗ್ಸ್‌ನಲ್ಲಿ ಆರು ರನ್ ಬಂದವು. ಒಂಬತ್ತನೆಯದರಲ್ಲಿ ಎರಡು ಔಟ್ ಆದಮೇಲೆ ಡ್ಯಾನ್ ಜಾನ್ಸನ್ ಚೆಂಡನ್ನು ಬೇಲಿ ದಾಟಿಸಿ, ಹೋಂ ರನ್ ಹೊಡೆದು ಸಮ ಮಾಡಿದ. ಹನ್ನೆರಡನೆಯದರಲ್ಲಿ ಎವಾನ್ ಲಾಂಗೋರಿಯಾ. ಎಡ ಮೂಲೆಯ ಗಿಡ್ಡ ಗೋಡೆಯ ಮೇಲಿಂದ ಚೆಂಡು ಆಚೆ ಬಿತ್ತು, 8-7. ಅದಕ್ಕೆ ಕೆಲವೇ ನಿಮಿಷ ಮೊದಲು ಬಾಸ್ಟನ್ ಬಾಲ್ಟಿಮೋರ್‌ನಲ್ಲಿ ಸೋತಿತ್ತು. ಆ ಮೂಲೆಗೆ ಈಗ ‘162 ಲ್ಯಾಂಡಿಂಗ್’ ಅಂತ ಹೆಸರು. ಅಜ್ಜಿ ಪೆನ್ಸಿಲ್ ಚಾಚಿ ತೋರಿಸಿದರು. ನಮ್ಮ ಸೀಟಿನಿಂದ ಚೆನ್ನಾಗಿ ಕಾಣುತ್ತಿತ್ತು.

‘ಎಲ್ಲರೂ ಆ ರಾತ್ರಿ ಬಗ್ಗೆ ಹೇಳುತ್ತಾರೆ. ಆ ವರ್ಷದ ಏಪ್ರಿಲ್‌ನಲ್ಲಿ ಬಾಸ್ಟನ್ ಏನು ಮಾಡಿತ್ತು ಗೊತ್ತಾ? ಮೊದಲ ಆರು ಪಂದ್ಯ ಸೋತಿತ್ತು. ಆರಕ್ಕೆ ಆರು. ನಾವೂ ಆರು ಸೋತಿದ್ದೆವು. ಕೊನೆಗೆ ನಾವು 91 ಗೆದ್ದೆವು, ಅವರು 90. ಆ ಆರರಲ್ಲಿ ಒಂದೇ ಒಂದನ್ನು ಅವರು ಗೆದ್ದಿದ್ದರೆ ಲಾಂಗೋರಿಯಾ ಹೊಡೆತಕ್ಕೆ ನಾವು ಅಷ್ಟು ಕುಣಿಯುತ್ತಿದ್ದೆವಾ?’

ಭಾವ ಸುಮ್ಮನಿದ್ದರು. ನನಗೂ ಮಾತು ಹೊರಡಲಿಲ್ಲ. ಆ ರಾತ್ರಿಯ ವಿಡಿಯೋ ಅದೆಷ್ಟೋ ಸಲ ನೋಡಿದ್ದೇನೆ, ಆದರೆ ಅದಕ್ಕೂ ಏಪ್ರಿಲ್‌ಗೂ ನಂಟು ಹಾಕಿ ನೋಡಿರಲಿಲ್ಲ.

ಅಜ್ಜಿ 1998ರಿಂದ ಬರುತ್ತಿದ್ದಾರೆ, ಅಂದರೆ ತಂಡ ಹುಟ್ಟಿದ ವರ್ಷದಿಂದ. ಮೊದಲ ಹತ್ತು ಸೀಸನ್‌ಗಳಲ್ಲಿ ಒಂಬತ್ತು ಸಲ ತಮ್ಮ ವಿಭಾಗದಲ್ಲಿ ಕೊನೇ ಸ್ಥಾನ. ಒಂದು ವರ್ಷಕ್ಕೆ 70 ಗೆಲುವು ದಾಟಿದ್ದೇ ಇಲ್ಲ. ‘ಆಗ ಒಂದೊಂದು ಗೆಲುವನ್ನೂ ಎಣಿಸುತ್ತಿದ್ದೆ. ಈಗ ಜಾಸ್ತಿ ಬರುತ್ತಿವೆ ಅಂತ ಎಣಿಸುವುದು ಬಿಡಲಾ?’ ಅಂದರು. ಗಂಡ ತೀರಿಕೊಂಡ ಮೇಲೂ ಎರಡು ಟಿಕೆಟ್ ಕೊಳ್ಳುತ್ತಾರಂತೆ. ಪಕ್ಕದ ಸೀಟಿನಲ್ಲಿ ಅವರ ಚೀಲ ಇತ್ತು. ಉಳಿದಿದ್ದ ಕಡಲೆಕಾಯಿ ಕೊಡಬೇಕು ಅನ್ನಿಸಿತು. ಪೊಟ್ಟಣ ಕಾರಿನಲ್ಲೇ ಇತ್ತು.

ಎಂಟನೇ ಇನಿಂಗ್ಸ್. ಬ್ರ್ಯಾಂಡನ್ ಲೌ ಬ್ಯಾಟಿಂಗ್‌ಗೆ ಬಂದ. ಹಿಂದಿನ ವರ್ಷ ಬೆನ್ನುನೋವು ಅಂತ ಅರ್ಧಕ್ಕಿಂತ ಹೆಚ್ಚು ಪಂದ್ಯ ಹೊರಗೇ ಕೂತಿದ್ದವನು. ಬ್ಯಾಟಿಗೆ ಚೆಂಡು ತಗುಲಿದ ಸದ್ದಿಗೇ ಅಜ್ಜಿ ‘ಹೋಯ್ತು’ ಅಂದರು. ನಾವಿನ್ನೂ ಚೆಂಡು ಎಲ್ಲಿ ಅಂತ ಹುಡುಕುತ್ತಿದ್ದೆವು. ಬೇಲಿ ದಾಟಿತು. ಗಂಟೆಗಳು ಒಮ್ಮೆಲೇ ಶುರುವಾದವು. ಭಾವ ಎದ್ದು ನಿಂತು ಎರಡೂ ಕೈ ಮೇಲೆತ್ತಿ ಕೂಗುತ್ತಿದ್ದರು. ಅಕ್ಕನ ಮದುವೆಯಾದಾಗಿನಿಂದ ಅವರು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿಲ್ಲ. ಅಜ್ಜಿ ಮಾತ್ರ ಕೂತೇ ಇದ್ದರು. ಪುಸ್ತಕದ ಮನೆಯೊಂದನ್ನು ಪೆನ್ಸಿಲ್ಲಿನಿಂದ ಪೂರ್ತಿ ಕಪ್ಪು ಮಾಡುತ್ತಿದ್ದರು.

1-0. ಅಷ್ಟೇ ಸ್ಕೋರ್. ಒಂಬತ್ತನೇ ಇನಿಂಗ್ಸ್‌ನಲ್ಲಿ ಬಾಸ್ಟನ್‌ನ ಒಂದೊಂದು ಔಟ್‌ಗೂ ಉಸಿರು ಬಿಗಿಹಿಡಿದು ಕೂತೆವು. ಆ 75 ರನ್‌ಗಳನ್ನೆಲ್ಲ ಫೋನಿನಲ್ಲಿ ನೋಡಿ ಖುಷಿಪಟ್ಟಿದ್ದೆ. ಆದರೆ ಈ ತಂಡ ನಿಜಕ್ಕೂ ಗಟ್ಟಿ ಅಂತ ನನಗೆ ನಂಬಿಕೆ ಬಂದದ್ದು ಈ ಒಂದು ರನ್ನಿನಿಂದ. ಬ್ಯಾಟ್ ಕೈಕೊಟ್ಟ ದಿನವೂ ಗೆಲ್ಲಬಲ್ಲರು ಅಂತಾಯಿತಲ್ವಾ?

ಗೆದ್ದ ರಾತ್ರಿ ಸ್ಟೇಡಿಯಂನ ಚಾವಣಿಗೆ ಕಿತ್ತಳೆ ಬಣ್ಣದ ದೀಪ ಹಾಕುತ್ತಿದ್ದರು. ಪಾರ್ಕಿಂಗ್‌ನಿಂದ ತಿರುಗಿ ನೋಡಿ ಫೋಟೋ ತೆಗೆದುಕೊಂಡೆ. ಈಗ ಆ ಫೋಟೋಗೆ ಬೆಲೆ ಜಾಸ್ತಿ ಬಂದಿದೆ. 2024ರ ಅಕ್ಟೋಬರ್‌ನಲ್ಲಿ ಮಿಲ್ಟನ್ ಚಂಡಮಾರುತ ಆ ಚಾವಣಿಯನ್ನು ಚಿಂದಿ ಮಾಡಿತು. 2025ರಲ್ಲಿ ರೇಸ್ ತನ್ನ ಮನೆಯ ಪಂದ್ಯಗಳನ್ನು ಟ್ಯಾಂಪಾದ ಸ್ಟೈನ್‌ಬ್ರೆನರ್ ಫೀಲ್ಡ್‌ನಲ್ಲಿ, ಬಯಲಿನಲ್ಲಿ, ಆಡಬೇಕಾಯಿತು.

ಉಳಿದ ದಿನಗಳು ಅಕ್ಕನ ಮನೆಯ ಸಾರು-ಅನ್ನದಲ್ಲಿ ಕಳೆದವು. ಗುರುವಾರ ಏರ್‌ಪೋರ್ಟಿನಲ್ಲಿ ಕೂತು ಫೋನಿನಲ್ಲೇ ಹದಿಮೂರನೇ ಗೆಲುವು ನೋಡಿದೆ. ಐದನೇ ಇನಿಂಗ್ಸ್ ಒಂದರಲ್ಲೇ ಏಳು ರನ್, ಕೊನೆಗೆ 9-3. 1982ರ ಅಟ್ಲಾಂಟಾ ಬ್ರೇವ್ಸ್, 1987ರ ಮಿಲ್ವಾಕೀ ಬ್ರೂವರ್ಸ್ ಮಾಡಿದ್ದ, 1900ರ ಈಚಿನ 13-0 ದಾಖಲೆಯನ್ನು ರೇಸ್ ಸರಿಗಟ್ಟಿತು. ಅದೇ ಪಂದ್ಯದಲ್ಲಿ ಪಿಚರ್ ಜೆಫ್ರಿ ಸ್ಪ್ರಿಂಗ್ಸ್ ತೋಳು ನೋವು ಅಂತ ನಡುವೆಯೇ ಹೊರನಡೆದ. ಆಮೇಲೆ ಅವನಿಗೆ ಮೊಣಕೈ ಆಪರೇಷನ್ ಆಯಿತು. ಬೇಸಿಗೆಯಲ್ಲಿ ಡ್ರೂ ರಾಸ್ಮುಸೆನ್, ಶೇನ್ ಮೆಕ್ಲಾನಹನ್ ಇಬ್ಬರಿಗೂ ಮೊಣಕೈ ಆಪರೇಷನ್. ಮೂವರು ಒಳ್ಳೆಯ ಪಿಚರ್‌ಗಳಿಲ್ಲದೆಯೂ 99 ಪಂದ್ಯ ಗೆದ್ದರು. ಬಾಲ್ಟಿಮೋರ್ ಓರಿಯೋಲ್ಸ್ 101 ಗೆದ್ದು ವಿಭಾಗ ತನ್ನದಾಗಿಸಿಕೊಂಡಿತು. ರೇಸ್ ಪ್ಲೇಆಫ್‌ನ ಮೊದಲ ಸುತ್ತಾದ ವೈಲ್ಡ್ ಕಾರ್ಡ್‌ನಲ್ಲಿ ಆಡಬೇಕಾಯಿತು. ಟೆಕ್ಸಸ್ ರೇಂಜರ್ಸ್ ಎರಡೇ ದಿನದಲ್ಲಿ ಮನೆಗೆ ಕಳಿಸಿತು.

ಅವತ್ತು ರಾತ್ರಿ ಭಾವ ಫೋನ್ ಮಾಡಿದರು.

‘ಹದಿಮೂರು ಗೆದ್ದಮೇಲೆ ಟೊರಾಂಟೊಗೆ ಹೋಗಿ ಎರಡು ಸೋತರಲ್ಲ, ಅವೆರಡು ಗೆದ್ದಿದ್ದರೆ ಬಾಲ್ಟಿಮೋರ್‌ಗೆ ಸಮ ಆಗ್ತಿತ್ತು’ ಅಂದರು.

‘ಸಮ ಆದರೆ ಸಾಲಲ್ಲ ಭಾವ. ಇಬ್ಬರ ನಡುವಿನ ಪಂದ್ಯಗಳ ಲೆಕ್ಕ ನೋಡ್ತಾರೆ. ಅದರಲ್ಲಿ ಅವರೇ ಮುಂದಿದ್ದಾರೆ. ಮೂರು ಬೇಕಿತ್ತು.’

ಸ್ವಲ್ಪ ಹೊತ್ತು ಅತ್ತ ಕಡೆಯಿಂದ ಲ್ಯಾಪ್‌ಟಾಪಿನ ಕೀ ಒತ್ತುವ ಸದ್ದು.

‘ಟೊರಾಂಟೊ ಆದ ಮಾರನೇ ದಿನ ಸಿನ್ಸಿನಾಟಿಯಲ್ಲಿ 8-1 ಸೋತಿದ್ದೇವೆ, ನೋಡು. ಏಪ್ರಿಲ್ 17.’